ನೈಲ್ ಪಾಲಿಶ್ ಚುಕ್ಕೆ ಮತ್ತು 32 ಸಾವಿರದ ಪೆಡಲ್

ಗಿಟಾರಿನ ಸ್ವರವನ್ನು ತಡೆದು ಮಾರ್ದನಿಯ ಹಾಗೆ ಮರಳಿಸುವ ನನ್ನ ಡಿಲೇ ಪೆಡಲ್‌ನ ಒಂದು ನಾಬ್ ಸುತ್ತ ಮೂರು ಕೆಂಪು ಚುಕ್ಕೆಗಳಿವೆ. ಹೆಂಡತಿಯ ನೈಲ್ ಪಾಲಿಶ್ ಬಾಟಲಿಯಲ್ಲಿ ಬೆಂಕಿಕಡ್ಡಿ ಅದ್ದಿ ಇಟ್ಟದ್ದು. ಪೆಡಲ್ ಬಾಸ್ ಕಂಪನಿಯ ಡಿಡಿ-3. 14 ವರ್ಷದ ಹಿಂದೆ ತೆಗೆದುಕೊಂಡಾಗಲೇ ಅದು ಯಾರೋ ಚೆನ್ನಾಗಿ ತುಳಿದು ಬಿಟ್ಟ ಮಾಲು. ಎಷ್ಟು ಮಿಲಿಸೆಕೆಂಡ್ ಅಂತ ತೋರಿಸುವ ಪರದೆ ಅದರಲ್ಲಿಲ್ಲ. ನಾಲ್ಕು ನಾಬ್, ಒಂದು ಕಾಲಿನ ಸ್ವಿಚ್, ಅಷ್ಟೇ. ಹಾಗಾಗಿ ಯಾವ ಪದ್ಯಕ್ಕೆ ಎಲ್ಲಿಗೆ ತಿರುಗಿಸಬೇಕು ಅಂತ ಗುರುತು ಹಾಕಿಕೊಂಡಿದ್ದೇನೆ. (ನಮ್ಮ ಕಡೆ ಸಿನಿಮಾ ಹಾಡಿಗೂ ಪದ್ಯ ಅಂತಲೇ ಹೇಳುವುದು.)

ಈ ಚುಕ್ಕೆಗಳ ಸಂಸಾರ ಕಳೆದ ಜುಲೈವರೆಗೆ ಸುಖವಾಗಿಯೇ ಇತ್ತು. ಆಗ ಕಾಲೇಜಿನ ಕಾಲದ ದೋಸ್ತಿಯೊಬ್ಬ ಊರಿಗೆ ಬಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮೂರು ವಾರ ಹೊರದೇಶಕ್ಕೆ ಹೋಗುವುದಿತ್ತು. ಹೋಗುವ ಮೊದಲು ಮಂಗಳೂರು ಪದವಿನಂಗಡಿಯ ನಮ್ಮ ಮನೆಗೆ ಬಂದು ಒಂದು ಪೆಟ್ಟಿಗೆ ಇಳಿಸಿದ. ಒಳಗೆ ಸ್ಟ್ರೈಮನ್ ಕಂಪನಿಯ ಡಿಲೇ ಪೆಡಲ್, ಟೈಮ್‌ಲೈನ್.

"ನುಡಿಸಿ ನೋಡು ಮಾರಾಯ. ಬೇಕಾದರೆ 32 ಸಾವಿರ ಕೊಡು. ಬೇಡ ಅಂದರೆ ಬಂದು ತಗೊಂಡು ಹೋಗ್ತೇನೆ."

ಇಂಥ ಮಾತು ಹೇಳಿ ಹೋಗುವವರನ್ನು ದೋಸ್ತಿ ಅನ್ನಬೇಕಾ ಎಂತ ಅನ್ನಬೇಕು ಗೊತ್ತಿಲ್ಲ.

ಟೈಮ್‌ಲೈನ್ 2011ರಲ್ಲಿ ಬಂದ ಪೆಡಲ್. ಅಮೆರಿಕದಲ್ಲೇ 449 ಡಾಲರ್‌ಗೆ ಮಾರುತ್ತಿದ್ದರು. ಅದರ ಮೇಲೆ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿದರೆ ನಮ್ಮಲ್ಲಿ ಹೊಸತು ಎಷ್ಟಕ್ಕೆ ನಿಲ್ಲುತ್ತದೆ ಎಂದು ಲೆಕ್ಕ ಹಾಕುವ ಧೈರ್ಯ ಮಾಡಲಿಲ್ಲ. 32 ಸಾವಿರ ನ್ಯಾಯವಾದ ಬೆಲೆಯೇ. ಆದರೆ ನಾನು ವಾರದ ಕೊನೆಯಲ್ಲಿ ಮದುವೆ ರಿಸೆಪ್ಶನ್‌ಗಳಲ್ಲಿ ನುಡಿಸುವವ. ನನ್ನ ಕೈಗೆ ಸಿಗುವುದು ಒಂದಕ್ಕೆ ಮೂರು ಸಾವಿರ. ಅಂದರೆ ಹೆಚ್ಚುಕಡಿಮೆ ಹನ್ನೊಂದು ಮದುವೆ. ಹಗಲು ಹೊತ್ತು ಒಂದು ಸಹಕಾರಿ ಸೊಸೈಟಿಯಲ್ಲಿ ಸಾಲದ ಅರ್ಜಿ ನೋಡುವ ಕೆಲಸ. ಹೆಂಡತಿ ಅಲ್ಲಿಗೇ ಕೈ ಹಾಕಿದಳು: "ನೀವು ಬಂದವರಿಗೆಲ್ಲ ಕೇಳ್ತೀರಲ್ಲ, ಯಾವ ಉದ್ದೇಶಕ್ಕೆ ಸಾಲ ಅಂತ? ಈಗ ನೀವೇ ಹೇಳಿ."

ಉದ್ದೇಶ ಹೇಳಬೇಕಾದರೆ ಮೂಡುಬಿದಿರೆ ಹತ್ತಿರದ ಅಜ್ಜಿ ಮನೆಗೆ ಹೋಗಬೇಕು. ಮನೆಯ ಹಿಂದೆ ಒಂದು ಕೆಂಪುಕಲ್ಲಿನ ಕೋರೆ ಇತ್ತು. ಕಲ್ಲು ತೆಗೆದು ತೆಗೆದು ಆಳವಾಗಿ, ಗೋಡೆಗಳೆಲ್ಲ ಗರಗಸದಲ್ಲಿ ಕೊಯ್ದ ಹಾಗೆ ನೆಟ್ಟಗೆ. ರಜೆಯಲ್ಲಿ ನಾವು ಮಕ್ಕಳು ಅಂಚಿನಲ್ಲಿ ನಿಂತು "ಓಯ್" ಅಂತ ಕೂಗುತ್ತಿದ್ದೆವು. ಆಚೆ ಗೋಡೆ ಸ್ವಲ್ಪ ತಡೆದು "ಓಯ್" ಅನ್ನುತ್ತಿತ್ತು. ಡಿಲೇ ಪೆಡಲ್ ಮಾಡುವುದು ಇದನ್ನೇ. ಗಿಟಾರಿನ ಸ್ವರವನ್ನು ಹಿಡಿದಿಟ್ಟುಕೊಂಡು ತಡೆದು ವಾಪಸು ಕೊಡುತ್ತದೆ. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಪೆಡಲ್ ಅನ್ನು 375 ಮಿಲಿಸೆಕೆಂಡಿಗೆ ಇಟ್ಟರೆ 64 ಮೀಟರ್ ಆಚೆ ಒಂದು ಗೋಡೆ ಕಟ್ಟಿದ ಹಾಗೆ. ನಮ್ಮ ಕೋರೆ ಅಷ್ಟು ದೊಡ್ಡದಿರಲಿಲ್ಲ ಅಂತ ಈಗ ಲೆಕ್ಕ ಹಾಕಿದಾಗ ಗೊತ್ತಾಗುತ್ತದೆ. ನೆನಪಿನಲ್ಲಿ ಮಾತ್ರ ಅದಕ್ಕಿಂತ ದೊಡ್ಡದಿದೆ.

375 ಸುಮ್ನೆ ಹೇಳಿದ್ದಲ್ಲ. ನಿಮಿಷಕ್ಕೆ 120 ಬೀಟ್ ಇರುವ ಪದ್ಯದಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಅದರ ಮುಕ್ಕಾಲು 375. ಈ ಮುಕ್ಕಾಲಿಗೆ ಇಟ್ಟು ನೀವು ಬೀಟಿಗೆ ಎರಡರಂತೆ ಸ್ವರ ಮೀಟಿದರೆ, ಮರಳಿ ಬರುವ ಸ್ವರಗಳು ನಡುವಿನ ಖಾಲಿಯಲ್ಲಿ ಬಂದು ಕೂರುತ್ತವೆ. ಮೀಟಿದ್ದರ ಎರಡು ಪಟ್ಟು ಕೇಳುತ್ತದೆ. ಯು2 ಬ್ಯಾಂಡಿನ ಗಿಟಾರಿಸ್ಟ್ ಎಡ್ಜ್ ಇದರ ಮೇಲೆಯೇ ಒಂದು ಶೈಲಿ ಕಟ್ಟಿದ. ನನ್ನ ಮೊದಲ ಚುಕ್ಕೆ ಅದಕ್ಕೇ ಇಟ್ಟದ್ದು.

ಮೊದಲು ಈ ಕೆಲಸ ಟೇಪ್‌ನಲ್ಲಿ ನಡೆಯುತ್ತಿತ್ತು. ರೋಲ್ಯಾಂಡ್ 1974ರಲ್ಲಿ ತಂದ ಆರ್‌ಇ-201 ಸ್ಪೇಸ್ ಎಕೋ ಒಳಗೆ ಟೇಪಿನ ಸುತ್ತು ತಿರುಗುತ್ತಾ ಇರುತ್ತದೆ. ಒಂದು ಹೆಡ್ ಬರೆಯುತ್ತದೆ, ಮುಂದಿನ ಹೆಡ್‌ಗಳು ಓದುತ್ತವೆ. ಟೇಪ್ ಸವೆದ ಹಾಗೆ ಸ್ವರ ಮಂಕಾಗಿ ಸ್ವಲ್ಪ ನಡುಗುತ್ತದೆ. ಆಮೇಲೆ ಪೆಡಲ್‌ಗಳಿಗೆ ಬಂದದ್ದು ಚಿಪ್. 1969ರಲ್ಲಿ ಫಿಲಿಪ್ಸ್ ಲ್ಯಾಬಿನಲ್ಲಿ ಹುಟ್ಟಿದ ಇದರ ಹೆಸರೇ ಬಕೆಟ್ ಬ್ರಿಗೇಡ್. ಸ್ಲ್ಯಾಬ್ ಹಾಕುವ ದಿನ ಕೆಳಗಿನಿಂದ ತಾರಸಿವರೆಗೆ ಸಾಲಾಗಿ ನಿಂತು ಕಾಂಕ್ರೀಟ್ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಸ್ವರ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತದೆ. ದಾರಿಯಲ್ಲಿ ಸ್ವಲ್ಪ ಚೆಲ್ಲುತ್ತದೆ. ಆ ಚೆಲ್ಲಿದ್ದರಿಂದಲೇ ಅದಕ್ಕೊಂದು ಮೆತ್ತಗಿನ ಗುಣ. 1980ರ ದಶಕದ ಮೊದಲರ್ಧದಲ್ಲಿ ಬಾಸ್‌ನವರು ಡಿಡಿ-2 ತಂದರು, ಅಂಗೈಯಷ್ಟು ಪೆಟ್ಟಿಗೆಯಲ್ಲಿ ಮೊದಲ ಡಿಜಿಟಲ್ ಡಿಲೇ. ಸ್ವರವನ್ನು ಅಂಕಿಗಳಾಗಿ ಇಟ್ಟುಕೊಂಡು ಚೊಕ್ಕವಾಗಿ ಒಪ್ಪಿಸುತ್ತದೆ. ನನ್ನ ಡಿಡಿ-3 ಅದರ ತಮ್ಮ.

ಎಲ್ಲ ಚೊಕ್ಕವಾದ ಮೇಲೆ ಜನರಿಗೆ ಹಳೆಯ ಮಂಕೇ ಬೇಕು ಅನಿಸಿತು. ಟೈಮ್‌ಲೈನ್‌ನಲ್ಲಿ ಹನ್ನೆರಡು ಬಗೆಯ ಡಿಲೇ ಉಂಟು. ಅದರಲ್ಲಿ ಒಂದು ಟೇಪ್ ಸವೆದದ್ದನ್ನು ಅನುಕರಿಸುತ್ತದೆ, ಇನ್ನೊಂದು ಆ ಚೆಲ್ಲುವ ಬುಟ್ಟಿಯನ್ನು. ಟೇಪ್ ಎಷ್ಟು ನಡುಗಬೇಕು ಅನ್ನುವುದಕ್ಕೂ ನಾಬ್! ಹಳೇ ಮಿಷನ್ನಿನ ರೋಗಕ್ಕೆ ಹೊಸ ದುಡ್ಡು.

ಆದರೂ ಮೊದಲ ರಾತ್ರಿ ನಾನು ಒಂದೂವರೆ ಗಂಟೆವರೆಗೆ ಮಲಗಲಿಲ್ಲ.

ಅದಕ್ಕೂ ಮೊದಲು ಒಂದು ತಾಪತ್ರಯ ಆಯಿತು. ನನ್ನ ಪವರ್ ಸಪ್ಲೈನ ಒಂದೊಂದು ತೂತಿನಿಂದ ಬರುವುದು 100 ಮಿಲಿಆಂಪ್. ಟೈಮ್‌ಲೈನ್ ಕೇಳುವುದು ಕಡಿಮೆ ಅಂದರೆ 300. ಸಿಕ್ಕಿಸಿದರೆ ಎದ್ದೇಳಲೇ ಇಲ್ಲ. ಕೊನೆಗೆ ಮನೆಯೆಲ್ಲ ಹುಡುಕಿ, ಮಗಳ ಕೀಬೋರ್ಡಿನ 9 ವೋಲ್ಟ್ ಅಡಾಪ್ಟರಿನ ಪಿನ್ ಸರಿ ಉಂಟಾ ಅಂತ ಮೂರು ಸಲ ನೋಡಿ ಹಾಕಿದೆ. ಅಂದರೆ ಪೆಡಲ್ ಕೊಂಡರೆ ಸಪ್ಲೈ ಕೂಡ ಹೊಸತು ಬೇಕು. ಸಾಲದ ಅರ್ಜಿಯಲ್ಲಿ ಜನ ಬರೆಯದೇ ಬಿಡುವ ಖರ್ಚು ಇಂಥದ್ದೇ.

ಹೊರಗೆ ತಗಡಿನ ಶೀಟಿನ ಮೇಲೆ ಮಳೆ. ಕಿವಿಗೆ ಹೆಡ್‌ಫೋನ್. ಟೇಪ್ ಡಿಲೇ ಹಾಕಿ ಒಂದೇ ಒಂದು ಸ್ವರ ಮೀಟಿ ಕೈ ತೆಗೆದೆ. ಅದು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಪ್ರತಿ ಸಲ ಸ್ವಲ್ಪ ಕಂದುತ್ತಾ, ಅಂಚು ಕರಗುತ್ತಾ, ಆರನೆಯದೋ ಏಳನೆಯದೋ ಬರುವಾಗ ಅದು ಗಿಟಾರೇ ಅಲ್ಲ ಅನ್ನುವ ಹಾಗೆ ಆಗಿ ಮಳೆಯೊಳಗೆ ಸೇರಿಹೋಯಿತು. ನನ್ನ ಡಿಡಿ-3 ಹೀಗೆ ಸಾಯುವುದಿಲ್ಲ. ಅದರ ಸದ್ದು ಸಣ್ಣದಾಗುತ್ತದೆ, ಅಷ್ಟೇ. ಮೊದಲ ಸಲ ಹೇಳಿದ್ದನ್ನೇ ಕೊನೆಯವರೆಗೂ ಅದೇ ಗಂಟಲಿನಲ್ಲಿ ಹೇಳುತ್ತದೆ.

ಮರುದಿನ ಆರನೇ ಕ್ಲಾಸಿನ ಮಗಳನ್ನು ಕೂರಿಸಿ ಪರೀಕ್ಷೆ ಮಾಡಿದೆ. ಟೈಮ್‌ಲೈನ್‌ನ ಡಿಜಿಟಲ್ ಬಗೆ, ಪಕ್ಕದಲ್ಲಿ ಡಿಡಿ-3. ಎರಡೂ 375ಕ್ಕೆ, ಮಾರ್ದನಿಯೂ ಒಂದೇ ಲೆಕ್ಕಕ್ಕೆ. ಅವಳು ಬೆನ್ನು ಹಾಕಿ ಕೂತು ಯಾವುದು ದುಬಾರಿಯದ್ದು ಅಂತ ಹೇಳಬೇಕು. ಹತ್ತರಲ್ಲಿ ಆರು ಸರಿ. ಟಾಸ್ ಹಾಕಿದರೂ ಐದು ಬರ್ತದಲ್ವಾ? ಟೇಪ್ ಹಾಕಿದ ಕೂಡಲೇ ಮಾತ್ರ ತಿರುಗಿ ನೋಡಿದಳು. "ಇದು ಬಾವಿಯೊಳಗಿಂದ ಯಾರೋ ಹಾಡಿದ ಹಾಗೆ ಉಂಟು ಪಪ್ಪ." ಅಡುಗೆ ಮನೆಯಿಂದ ಹೆಂಡತಿ, ಬಾವಿಗೆ 32 ಸಾವಿರ ಆಗುವುದಾದರೆ ನಮ್ಮ ಬಾವಿಯನ್ನೂ ಮಾರಬಹುದು ಅಂದಳು.

ಎರಡನೇ ವಾರ ಒಂದು ಕಾರ್ಯಕ್ರಮ ಸಿಕ್ಕಿತು. ತುಳುವಿನ ಆಟಿ ತಿಂಗಳಲ್ಲಿ ನಮ್ಮವರ ಮದುವೆ ಇರುವುದಿಲ್ಲ. ಇದು ಕುಲಶೇಖರದ ಕಡೆ ಒಂದು ಕೊಂಕಣಿ ಕುಟುಂಬದ ಮದುವೆಯ 25ನೇ ವರ್ಷದ ಪಾರ್ಟಿ. ಹಾಲ್‌ಗೆ ನೆಲ ಪೂರ್ತಿ ಟೈಲ್ಸ್, ಮೇಲೆ ಶೀಟ್. ಚಪ್ಪಾಳೆ ತಟ್ಟಿದರೆ ಅದೇ ಮೂರು ಸಲ ತಟ್ಟಿಕೊಳ್ಳುವಂಥ ಹಾಲ್. ಸೌಂಡಿನವ ನನಗೆ ಕೊಟ್ಟದ್ದು ಒಂದೇ ಲೈನ್. ಎಡ ಬಲ ಅಂತ ಓಡಾಡುವ ಆಟ ಅಲ್ಲಿಗೇ ಮುಗಿಯಿತು. ಟೇಪ್ ನಡುಗುವುದು, ಕಂದುವುದು, ಎಲ್ಲವನ್ನೂ ಆ ಹಾಲ್ ಇಡಿಯಾಗಿ ನುಂಗಿ ಕೂತಿತು. ಎದುರು ಊಟದ ತಟ್ಟೆಗಳ ಸದ್ದು ಬೇರೆ.

ಇನ್ನೊಂದು, ಜನ ಕುಣಿಯಲು ಬಂದವರು. ಬೈಲಾ ಅನ್ನುವ ಕುಣಿತದ ಪದ್ಯ ಶುರುವಾದರೆ ಗಿಟಾರಿನ ಕೆಲಸ ಗರಗರ ಸ್ಟ್ರಮ್ ಮಾಡುವುದು. ಅದಕ್ಕೆ ಡಿಲೇ ಹಾಕಿದರೆ ಗಂಜಿ. ಪದ್ಯದ ಪಟ್ಟಿಯಲ್ಲಿ ಪೆನ್ಸಿಲ್‌ನಿಂದ ಗೀರು ಹಾಕುತ್ತಾ ಹೋದೆ. 28 ಪದ್ಯದಲ್ಲಿ ಡಿಲೇ ಒತ್ತಿದ್ದು ಐದಕ್ಕೆ. ಹತ್ತು ಗಂಟೆಗೆ ಮೈಕ್ ಬಂದ್ ಮಾಡಬೇಕು ಅನ್ನುವ ಗಡಿಬಿಡಿಯಲ್ಲಿ ಕೊನೆಯ ನಿಧಾನದ ಪದ್ಯ ಬಿಟ್ಟೇ ಹೋಯಿತು, ಇಲ್ಲದಿದ್ದರೆ ಆರು.

ಆದರೆ ಆ ಐದರಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮ ಡ್ರಮ್ಮರ್ ಒಳ್ಳೆಯವ, ಕೈ ಕೂಡ ಒಳ್ಳೆಯದು. ಹಾಡುವವರು ಭಾವಕ್ಕೆ ಬಂದರೆ ಮಾತ್ರ ಅವನೂ ಅವರ ಜೊತೆ ಹೋಗುತ್ತಾನೆ. 70ರಲ್ಲಿ ಶುರುವಾದ ಪದ್ಯ ಎರಡನೇ ಚರಣಕ್ಕೆ 72. ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ 70ಕ್ಕೆ ಮುಕ್ಕಾಲು ಬೀಟ್ ಅಂದರೆ 643 ಮಿಲಿಸೆಕೆಂಡ್, 72ಕ್ಕೆ 625. ಹದಿನೆಂಟರ ವ್ಯತ್ಯಾಸ. ನಾಲ್ಕನೇ ಮಾರ್ದನಿ ಬರುವಾಗ 72 ಮಿಲಿಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಕುಂಟುವುದು ಕಿವಿಗೆ ಚುಚ್ಚುತ್ತದೆ. ಇಷ್ಟು ವರ್ಷ ನಾನು ಇದನ್ನು ನನ್ನ ಕೈಯ ತಪ್ಪು ಅಂದುಕೊಂಡಿದ್ದೆ! ನೈಲ್ ಪಾಲಿಶ್ ಚುಕ್ಕೆ ಅಲ್ಲಾಡುವುದಿಲ್ಲವಲ್ಲ, ತಾಳ ಅಲ್ಲಾಡುತ್ತದೆ. ಟೈಮ್‌ಲೈನ್‌ನಲ್ಲಿ ಟ್ಯಾಪ್ ಅನ್ನುವ ಸ್ವಿಚ್ ಉಂಟು. ಕಾಲಿನಲ್ಲಿ ತಾಳಕ್ಕೆ ಸರಿಯಾಗಿ ನಾಲ್ಕು ಸಲ ಒತ್ತಿದರೆ ಹೊಸ ವೇಗ ಹಿಡಿಯುತ್ತದೆ. ಆ ರಾತ್ರಿ ನಾನು ಅದನ್ನು ಒತ್ತಿದಷ್ಟು ಬೇರೆ ಯಾವುದನ್ನೂ ಒತ್ತಲಿಲ್ಲ. 200 ಪ್ರೀಸೆಟ್‌ನಲ್ಲಿ (ಹೆಸರು ಕೊಟ್ಟು ಉಳಿಸಿಡುವ ಸೆಟ್ಟಿಂಗ್) ಬಳಸಿದ್ದು ಎರಡು. ಸ್ವರವನ್ನು ಹಿಂದುಮುಂದು ಮಾಡುವ ಬಗೆ, ಮಂಜುಗಡ್ಡೆ ಹೆಸರಿನ ಒಂದು ಬಗೆ, ಇವನ್ನೆಲ್ಲ ಬೈಲಾದ ನಡುವೆ ಹಾಕಿದರೆ ಮದುವೆ ಹೆಣ್ಣಿನ ಅಪ್ಪ ಬಂದು ಕೇಬಲ್ ಕಿತ್ತಾರು.

ಟ್ಯಾಪ್‌ಗೆ 32 ಸಾವಿರ ಬೇಡ. 2019ರಲ್ಲಿ ಬಂದ ಬಾಸ್ ಡಿಡಿ-8ರಲ್ಲೂ ಅದು ಉಂಟು, ಬೆಲೆ ಎಷ್ಟೋ ಕಡಿಮೆ.

ರಿಪೇರಿಯ ವಿಷಯವನ್ನೂ ಕೇಳಿಟ್ಟಿದ್ದೆ. ನಮ್ಮ ಆಂಪ್, ಮಿಕ್ಸರ್ ಎಲ್ಲ ನೋಡುವ ಒಬ್ಬರಿದ್ದಾರೆ. ಸಮುದ್ರದ ಗಾಳಿಗೆ ಡಿಡಿ-3ರ ಸ್ವಿಚ್ ಹಿಡಿದಾಗ ತೊಳೆದು, ಬೆಸುಗೆ ಹಾಕಿ 150 ರೂಪಾಯಿ ತೆಗೆದುಕೊಂಡಿದ್ದರು. ಟೈಮ್‌ಲೈನ್ ಅನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಹಾಳಾದರೆ ನನ್ನ ಹತ್ತಿರ ತರಬೇಡಿ ಮಾರಾಯ್ರೆ" ಅಂದರು. ಅಷ್ಟು ಗೌರವದಿಂದ ಅವರು ಯಾವ ಮಿಷನನ್ನೂ ವಾಪಸು ಕೊಟ್ಟದ್ದು ನಾನು ಕಂಡಿಲ್ಲ.

ಹಾಗಾದರೆ ಬೆಲೆಗೆ ತಕ್ಕದ್ದಲ್ಲವಾ? ನನ್ನ ಕೇಳಿದರೆ ತಕ್ಕದ್ದೇ. ಒಬ್ಬನೇ ಕೂತು ರೆಕಾರ್ಡ್ ಮಾಡುವವನಿಗೆ, ಎರಡು ಆಂಪ್ ಇಟ್ಟು ಸ್ಟೀರಿಯೋ ನುಡಿಸುವವನಿಗೆ, ಒಂದೇ ಸ್ವರದ ಬಾಲವನ್ನು ಅರ್ಧ ಗಂಟೆ ಕೇಳುವ ಪುರುಸೊತ್ತು ಇರುವವನಿಗೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತೇನೆ. ನಾನು ಹಾಗೆ ಕೂತದ್ದು ಮೂರು ವಾರದಲ್ಲಿ ನಾಲ್ಕು ರಾತ್ರಿ. ಆ ನಾಲ್ಕು ರಾತ್ರಿಗೆ ಉದ್ದೇಶದ ಕಾಲಮ್‌ನಲ್ಲಿ ಎಂತ ಬರೆಯುವುದು ಅಂತ ಹೊಳೆಯಲಿಲ್ಲ. ಭಾವ ದುಬೈಯಿಂದ ಫೋನ್ ಮಾಡಿ, "ಹಳೆಯದು ಎಂತಕ್ಕೆ, ಡಿಸೆಂಬರಿಗೆ ಬರುವಾಗ ಹೊಸತೇ ತರ್ತೇನೆ" ಅಂದಾಗ ಇನ್ನೂ ಎರಡು ದಿನ ತೂಗಾಡಿದೆ. ಆಮೇಲೆ ಬೇಡ ಅಂದೆ.

ದೋಸ್ತಿ ಬಂದ, ಪೆಟ್ಟಿಗೆ ಕೊಟ್ಟೆ. ಬಿಜೈ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಹತ್ತಿಸಿ ಬಂದೆ. ಒಂದು ವಾರದ ಮೇಲೆ ಅವನ ಫೋನ್.

"ಎಂತ ಮಾರಾಯ, ಇದರಲ್ಲಿ ಒಂದು ಪ್ರೀಸೆಟ್‌ಗೆ ಕೋರೆ ಅಂತ ಹೆಸರು ಉಂಟು?"

ಅಳಿಸಲು ಮರೆತಿದ್ದೆ. ಟೇಪ್ ಡಿಲೇ, 375, ಸಿಕ್ಕಾಪಟ್ಟೆ ಮಂಕು. ಇರಲಿ, ಅಳಿಸಬೇಡ ಅಂದೆ.

ಯಾರ ಹತ್ತಿರವಾದರೂ ಡಿಡಿ-8 ಸೆಕೆಂಡ್ ಹ್ಯಾಂಡ್ ಇದ್ದರೆ ಹೇಳಿ. ಗೀರು ಬಿದ್ದಿದ್ದರೂ ಅಡ್ಡಿಯಿಲ್ಲ, ಸ್ವಿಚ್ ಸರಿ ಇರಲಿ. ಕಾರ್ತಿಕಕ್ಕೆ ಮದುವೆ ಸೀಸನ್ ಶುರು.