ಅಮೆರಿಕದ ಡಿವಿಡಿಗೆ ಸಾಗರದ ಟಿವಿಯಲ್ಲಿ ಬಣ್ಣ

ಜೂನ್ 7, ಶನಿವಾರ, ಸಾಗರದ ನಮ್ಮ ಮನೆಯಲ್ಲಿ

ಬೀರು ಖಾಲಿ ಮಾಡುವಾಗ ಅಮ್ಮನಿಗೆ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಒಳಗೆ ಹನ್ನೊಂದು ಡಿವಿಡಿ. ಎಲ್ಲದರ ಮೇಲೂ ಅಕ್ಕನ ಕೈಬರಹ. 2004ರಲ್ಲಿ ಅಪ್ಪ ಅಮ್ಮ ಇಬ್ಬರೂ ಅಕ್ಕನ ಬಾಣಂತನಕ್ಕೆ ಅಂತ ನ್ಯೂಜೆರ್ಸಿಗೆ ಹೋಗಿ ಆರು ತಿಂಗಳು ಇದ್ದು ಬಂದಿದ್ದರು. ಸೀಮಂತ, ನಾಮಕರಣ, ಹಿಮದಲ್ಲಿ ಅಪ್ಪ ನಡೆದದ್ದು, ಎಲ್ಲವನ್ನೂ ಭಾವ ಕ್ಯಾಮ್‌ಕಾರ್ಡರಿನಲ್ಲಿ ತೆಗೆದು ಡಿವಿಡಿ ಮಾಡಿ ಕಳಿಸಿದ್ದರು. ಆಗ ನಮ್ಮ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಡಬ್ಬ ಬೀರು ಸೇರಿತು. ಅಪ್ಪ ಹೋಗಿ ಈಗ ಮೂರು ವರ್ಷ.

ಲ್ಯಾಪ್‌ಟಾಪಿನಲ್ಲಿ ಹಾಕಿದೆ. ತಕ್ಷಣ ಬಂತು, ಬಣ್ಣದಲ್ಲೇ. ಅಮ್ಮ ಎರಡು ನಿಮಿಷ ಬಗ್ಗಿ ನೋಡಿದರು. "ಇದರಲ್ಲಿ ಬೇಡ ಮಗಾ, ಟಿವಿಯಲ್ಲಿ ಹಾಕು" ಅಂದರು. ಟಿವಿ ಅಂದರೆ ಅಪ್ಪ 1988ರಲ್ಲಿ ತಂದ ಡಬ್ಬಾ ಟಿವಿ. ಎರಡು ಸಲ ರಿಪೇರಿ ಆಗಿದೆ, ಪಿಕ್ಚರ್ ಟ್ಯೂಬ್ ಇನ್ನೂ ಮೊದಲಿನದೇ. ಈಗಿನ ಯಾವುದೇ ಎಲ್‌ಇಡಿ ಟಿವಿ ತಂದರೆ ಈ ಡಿವಿಡಿ ಸುಮ್ನೆ ಓಡುತ್ತದೆ, ನನಗೆ ಗೊತ್ತು. ಆದರೆ ಅಮ್ಮ ಕೇಳಿದ್ದು ಈ ಟಿವಿಯನ್ನು. ಅಪ್ಪ ತಂದ ಟಿವಿಯಲ್ಲೇ ಅಪ್ಪನನ್ನು ನೋಡಬೇಕು ಅನ್ನಿಸಿದರೆ ಅದು ನ್ಯಾಯವೇ ಅಲ್ವಾ? ಹಾಗಾಗಿ ಈ ಕೆಲಸ ಶುರು.

ಟಿವಿಗೆ ಹಳದಿ ಎವಿ ಪಿನ್ ಇಲ್ಲ, ಆಂಟೆನಾ ಪಿನ್ ಮಾತ್ರ. ಸೆಟ್ ಟಾಪ್ ಬಾಕ್ಸ್‌ಗೆ ಅಂತ ನಾನೇ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದುಕೊಟ್ಟಿದ್ದ ಆರ್‌ಎಫ್ ಮಾಡ್ಯುಲೇಟರ್ ಇತ್ತು, ಎವಿ ಸಿಗ್ನಲನ್ನು ಆಂಟೆನಾ ಪಿನ್ನಿಗೆ ಹೋಗುವ ಹಾಗೆ ಮಾಡುವ ಪುಟ್ಟ ಡಬ್ಬಿ. ಪ್ಲೇಯರಿನ ಹಳದಿ ವೈರನ್ನೂ ಆಡಿಯೊ ವೈರನ್ನೂ ಅದಕ್ಕೆ ಕೊಟ್ಟೆ. ಮೊದಲು ಇಲ್ಲೇ ಕೊಂಡಿದ್ದ ಒಂದು ಕನ್ನಡ ಸಿನಿಮಾದ ಡಿವಿಡಿ ಹಾಕಿದೆ. ಬಣ್ಣ ಚೆನ್ನಾಗಿ ಬಂತು. ವೈರಿಂಗ್ ಸರಿ ಇದೆ ಅಂತಾಯಿತು.

ಆಮೇಲೆ ಅಕ್ಕನ ಸೀಮಂತದ ಡಿವಿಡಿ. ಚಿತ್ರ ಕಪ್ಪು ಬಿಳುಪು. ಅಷ್ಟೇ ಅಲ್ಲ, ಮೇಲಿಂದ ಕೆಳಕ್ಕೆ ಒಂದೇ ಸಮನೆ ಉರುಳುತ್ತಿತ್ತು. ಮಾತು ಮಾತ್ರ ಸ್ಪಷ್ಟ, ಯಾಕಂದರೆ ಟಿವಿಗೆ ಬೇಕಾದ ಹಾಗೆ ಧ್ವನಿಯನ್ನು ಮಾಡ್ಯುಲೇಟರೇ ತಯಾರು ಮಾಡುತ್ತದೆ. ಹಿಂದುಗಡೆಯ ವಿ-ಹೋಲ್ಡ್ ತಿರುಪನ್ನು ನಿಧಾನಕ್ಕೆ ತಿರುಗಿಸಿದೆ. ಚಿತ್ರ ನಿಂತಿತು. ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ, ಎಲ್ಲರೂ ಸ್ವಲ್ಪ ಕುಳ್ಳಗೆ. ಬಣ್ಣ ಇಲ್ಲವೇ ಇಲ್ಲ. ಅಮ್ಮ ಕೇಳಿದರು, "ಎಂತ ಆಯ್ತು? ಹಸಿರು ಬಳೆ ತೊಡಿಸಿದ್ದು ಕಾಣೂದೇ ಇಲ್ಲ."

ಜೂನ್ 8, ಭಾನುವಾರ

ಯಾಕೆ ಹೀಗೆ ಅಂತ ಕೂತು ಬರೆದುಕೊಂಡೆ. ಅಮ್ಮನಿಗೂ ಹೇಳಿದೆ, ಪೂರ್ತಿ ಕೇಳಿದರು.

ಅಮೆರಿಕದಲ್ಲಿ ಬಣ್ಣದ ಟಿವಿಯ ಪದ್ಧತಿ 1953ರಲ್ಲಿ ಒಪ್ಪಿಗೆಯಾಯಿತು. ಅದು ಎನ್‌ಟಿಎಸ್‌ಸಿ. ಜರ್ಮನಿಯ ಟೆಲಿಫುಂಕೆನ್‌ನಲ್ಲಿದ್ದ ವಾಲ್ಟರ್ ಬ್ರುಖ್ ಆಮೇಲೆ ಪಾಲ್ ಅನ್ನೋದನ್ನು ರೂಪಿಸಿದರು. ನಮ್ಮಲ್ಲಿ ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ, ದೆಹಲಿ ಏಷ್ಯಾಡ್ ನಡೆದ ವರ್ಷ. ನಾವು ಹಿಡಿದದ್ದು ಪಾಲ್. ಅವರ ಚಿತ್ರದಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮದರಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಒಂದೊಂದು ಚಿತ್ರವೂ ಗೆರೆ ಬಿಟ್ಟು ಗೆರೆಯಂತೆ ಎರಡು ಅರ್ಧವಾಗಿ ಬರುತ್ತದೆ. ಅಂದರೆ ಅಲ್ಲಿ ಸೆಕೆಂಡಿಗೆ 60 ಅರ್ಧ, ಇಲ್ಲಿ 50. ನಮ್ಮ ಟಿವಿ 50ಕ್ಕೆ ಹೊಂದಿಕೊಂಡಿದೆ, ಅದಕ್ಕೇ ಚಿತ್ರ ಉರುಳಿತು. ತಿರುಪು ತಿರುಗಿಸಿ 60ಕ್ಕೆ ಒಗ್ಗಿಸಿದರೆ ಕೆಳಗಿನ ತನಕ ಗೆರೆ ಎಳೆಯಲು ಟಿವಿಗೆ ಸಿಗುವ ಸಮಯ ಕಡಿಮೆ. ಚಿತ್ರದ ಎತ್ತರ ಆರರಲ್ಲಿ ಒಂದು ಪಾಲು ಕುಗ್ಗುತ್ತದೆ. ಕುಳ್ಳಗೆ ಕಂಡದ್ದು ಇದರಿಂದ.

ಗೆರೆಗಳ ಓಟ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಪಾಲ್‌ನಲ್ಲಿ ಸೆಕೆಂಡಿಗೆ 15,625 ಗೆರೆ, ಎನ್‌ಟಿಎಸ್‌ಸಿಯಲ್ಲಿ ಸುಮಾರು 15,734. ಅದಕ್ಕೇ ಚಿತ್ರ ಅಡ್ಡಡ್ಡ ಹರಿದು ಹೋಗಲಿಲ್ಲ. ಇದು ನಮ್ಮ ಅದೃಷ್ಟ.

ಬಣ್ಣದ ವಿಷಯ ಬೇರೆ. ಬಣ್ಣವನ್ನು ಒಂದು ಅಲೆಯ ಮೇಲೆ ಕೂರಿಸಿ ಕಳಿಸುತ್ತಾರೆ. ಪಾಲ್‌ನಲ್ಲಿ ಆ ಅಲೆ ಸೆಕೆಂಡಿಗೆ ಸುಮಾರು 44,33,619 ಸಲ ಏರಿಳಿಯುತ್ತದೆ, ಎನ್‌ಟಿಎಸ್‌ಸಿಯಲ್ಲಿ 35,79,545 ಸಲ. ನಮ್ಮ ಟಿವಿ ತನ್ನ ಅಲೆಯನ್ನು ಹುಡುಕುತ್ತದೆ. ಸಿಗದಿದ್ದರೆ ಒಳಗಿನ ಒಂದು ಸರ್ಕ್ಯೂಟು ಬಣ್ಣವನ್ನೇ ಮುಚ್ಚಿಬಿಡುತ್ತದೆ. ಅದರ ಹೆಸರೇ ಕಲರ್ ಕಿಲ್ಲರ್. ಕಪ್ಪು ಬಿಳುಪು ಸಿನಿಮಾ ಬಂದಾಗ ಪರದೆ ತುಂಬಾ ಬಣ್ಣದ ಕಲೆ ಕುಣಿಯದಿರಲಿ ಅಂತ ಇಟ್ಟದ್ದು. ಟಿವಿ ಕೆಟ್ಟಿಲ್ಲ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ನನಗೆ ಧೈರ್ಯ ಕೊಟ್ಟದ್ದು ಇನ್ನೊಂದು ವಿಷಯ. ಡಿವಿಡಿಯ ಒಳಗೆ ಈ ಅಲೆ ಇಲ್ಲವೇ ಇಲ್ಲ. ಅಲ್ಲಿ ಇರೋದು ಅಂಕಿಗಳು. ಬೆಳಕು ಎಷ್ಟು, ನೀಲಿಯ ಕಡೆ ಎಷ್ಟು, ಕೆಂಪಿನ ಕಡೆ ಎಷ್ಟು, ಅಷ್ಟೇ. ಅಮೆರಿಕದ ಡಿವಿಡಿಯಲ್ಲಿ ಚಿತ್ರ 720 ಅಗಲ 480 ಎತ್ತರ, ನಮ್ಮದರಲ್ಲಿ 720 ಅಗಲ 576 ಎತ್ತರ. ಅಂಕಿಯನ್ನು ಅಲೆ ಮಾಡಿ ವೈರಿಗೆ ಬಿಡುವುದು ಪ್ಲೇಯರ್. ಅಂದರೆ ಅಕ್ಕನ ಹಸಿರು ಬಳೆ ಡಿಸ್ಕಿನಲ್ಲಿ ಹಸಿರಾಗಿಯೇ ಇದೆ. ಬಣ್ಣ ಕಳೆದುಹೋಗುವುದು ಪ್ಲೇಯರಿಂದ ಟಿವಿಗೆ ಹೋಗುವ ಕೊನೆಯ ಎರಡು ಮೊಳ ವೈರಿನಲ್ಲಿ.

ರೀಜನ್ ಕೋಡಿನ, ಅಂದರೆ ಯಾವ ಕಡೆಯ ಪ್ಲೇಯರಿನಲ್ಲಿ ಓಡಬೇಕು ಅನ್ನೋ ಗುರುತಿನ, ತೊಂದರೆ ಇಲ್ಲ. ಅಂಗಡಿಯ ಸಿನಿಮಾ ಡಿವಿಡಿಯಾಗಿದ್ದರೆ ಅಮೆರಿಕದ್ದು 1, ನಮ್ಮದು 5, ಅದೇ ಒಂದು ಗೋಡೆ ಆಗುತ್ತಿತ್ತು. ಮನೆಯಲ್ಲಿ ಮಾಡಿದ ಡಿಸ್ಕಿಗೆ ಬೀಗ ಇರುವುದಿಲ್ಲ.

ಜೂನ್ 14

ಪೇಟೆಯ ಟಿವಿ ರಿಪೇರಿಯವರನ್ನು ಕೇಳಿದೆ. ಬಣ್ಣದ ಅಲೆಗೆ ತಾಳ ಕೊಡುವ ಕ್ರಿಸ್ಟಲ್ ಬದಲಾಯಿಸಿದರೆ ಆಗುತ್ತದಾ ಅಂತ. "ಆಗೋದಿಲ್ಲ ಮಾರಾಯರೇ, ಇದರ ಐಸಿನೇ ಪಾಲ್‌ದು. ಚೆನ್ನಾಗಿ ನಡೀತಿರೋ ಟಿವಿ ಬಿಚ್ಚಬೇಡಿ" ಅಂದರು. ಪಿಕ್ಚರ್ ಟ್ಯೂಬಿನ ಹತ್ತಿರ 20 ಸಾವಿರ ವೋಲ್ಟಿಗಿಂತ ಜಾಸ್ತಿ ಇರುತ್ತದೆ, ಸ್ವಿಚ್ ತೆಗೆದ ಮೇಲೂ ಕೂಡಿಟ್ಟುಕೊಂಡಿರುತ್ತದೆ. ಅವರ ಮಾತನ್ನು ಕೇಳಿದೆ. ಟಿವಿ ಬಿಚ್ಚುವ ಯೋಚನೆ ಅಲ್ಲಿಗೇ ಮುಗಿಯಿತು.

ಅಲ್ಲೇ ಅವರು ಇನ್ನೊಂದು ಮಾತು ಹೇಳಿದರು. ಪ್ಲೇಯರಿನ ರಿಮೋಟಿನಲ್ಲಿ ಪಿ/ಎನ್ ಅಂತ ಒಂದು ಬಟನ್ ಇದೆಯಾ ನೋಡಿ ಅಂದರು. ಇತ್ತು! ಇಷ್ಟು ದಿನ ಅದರ ಮೇಲೆ ನನ್ನ ಕಣ್ಣೇ ಬಿದ್ದಿರಲಿಲ್ಲ. ಪ್ಲೇಯರ್ ಆಟೋದಲ್ಲಿತ್ತು, ಅಂದರೆ ಡಿಸ್ಕ್ ಹೇಗಿದೆಯೋ ಹಾಗೇ ಹೊರಗೆ ಬಿಡುತ್ತಿತ್ತು. ಒಂದೊಂದೇ ಸಲ ಒತ್ತಿದೆ. ಪಾಲ್ ಅಂತ ಬಂದದ್ದೇ ತಡ, ಪರದೆ ಒಮ್ಮೆ ಕಪ್ಪಾಗಿ ಬಣ್ಣ ಬಂತು. ಅಕ್ಕನ ಸೀರೆ ಹಸಿರು, ಬಳೆ ಹಸಿರು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಿಂತರು.

ಆದರೆ ಎತ್ತರ ಇನ್ನೂ ಕುಳ್ಳಗೇ ಇತ್ತು. ಕಾರಣ ಹೊಳೆಯಿತು. ಈ ಪ್ಲೇಯರ್ ಬಣ್ಣದ ಅಲೆಯನ್ನು ಮಾತ್ರ ಪಾಲ್ ಮಾಡಿತು. ಗೆರೆ ಮತ್ತು ಓಟ ಅಮೆರಿಕದ್ದೇ ಉಳಿಯಿತು. ಇದಕ್ಕೆ ಪಾಲ್ 60 ಅನ್ನುತ್ತಾರೆ. ಸ್ವಲ್ಪ ಹೊಸ ಟಿವಿಗಳು ಇದನ್ನು ಆರಾಮಾಗಿ ನುಂಗುತ್ತವೆ. ನಮ್ಮದು ಅರ್ಧ ಗಂಟೆ ನಡೆದು ಬಿಸಿಯಾದ ಮೇಲೆ ಮತ್ತೆ ಉರುಳಲು ಶುರು ಮಾಡಿತು. ನಾಮಕರಣದ ತೊಟ್ಟಿಲು ಬರುವಷ್ಟರಲ್ಲಿ ನಾನು ಮೂರು ಸಲ ಟಿವಿ ಹಿಂದೆ ಹೋಗಿ ತಿರುಪು ತಿರುಗಿಸಿದ್ದೆ. ನಾನು ಬೆಂಗಳೂರಿಗೆ ಹೋದ ಮೇಲೆ ಅಮ್ಮ ಒಬ್ಬರೇ ಇದನ್ನೆಲ್ಲ ಮಾಡೋಕಾಗುತ್ತಾ? ಸೆಟ್ ಟಾಪ್ ಬಾಕ್ಸ್ ನೋಡಬೇಕಾದಾಗ ತಿರುಪನ್ನು ವಾಪಸ್ ತಿರುಗಿಸಬೇಕು ಬೇರೆ. ಡಿಸ್ಕನ್ನೇ ಪೂರ್ತಿ ಪಾಲ್ ಮಾಡಬೇಕು ಅಂತ ತೀರ್ಮಾನಿಸಿದೆ.

ನಿಮ್ಮ ಟಿವಿ 60ಕ್ಕೆ ಒಗ್ಗುತ್ತದೆ ಅಂತಾದರೆ ಇಲ್ಲಿಗೇ ನಿಲ್ಲಿಸಿ. ಆ ಒಂದು ಬಟನ್ ಸಾಕು.

ಜೂನ್ 18ರಿಂದ 27, ಬೆಂಗಳೂರಲ್ಲಿ, ರಾತ್ರಿ ಹೊತ್ತು

ಹನ್ನೊಂದು ಡಿಸ್ಕನ್ನೂ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡೆ. ಹತ್ತು ಬಂತು. ಏಳನೆಯದು ಓದಲಿಲ್ಲ.

ಮೊದಲ ಪ್ರಯತ್ನ ಸುಲಭದ್ದು. ವಿಡಿಯೊ ಬದಲಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ಗೆ ಪಾಲ್ ಡಿವಿಡಿ ಬೇಕು ಅಂತ ಒಂದೇ ಸಾಲಿನಲ್ಲಿ ಹೇಳಿದೆ. ಮಾಡಿಕೊಟ್ಟಿತು. ಆದರೆ ಯಾರಾದರೂ ಕೈ ಆಡಿಸಿದರೆ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತಿತ್ತು. ಎರಡು ಅರ್ಧಗಳೂ ಬೇರೆ ಬೇರೆ ಕ್ಷಣದವು. ಅವನ್ನು ಬಿಡಿಸದೆ 480ರಿಂದ 576ಕ್ಕೆ ಹಿಗ್ಗಿಸಿದರೆ ಒಂದರೊಳಗೊಂದು ಕಲಸಿಹೋಗುತ್ತವೆ. ಅದೂ ಅಲ್ಲದೆ 30ರಿಂದ 25ಕ್ಕೆ ಇಳಿಸಲು ಸೆಕೆಂಡಿಗೆ ಐದು ಚಿತ್ರ ಬಿಟ್ಟಿತ್ತು. ನಡಿಗೆ ಎಡವಿದ ಹಾಗೆ ಕಾಣುತ್ತಿತ್ತು.

ಎರಡನೆಯ ಪ್ರಯತ್ನ: ಮೊದಲು ಅರ್ಧಗಳನ್ನು ಬಿಡಿಸಿ ಪ್ರತಿ ಅರ್ಧವನ್ನೂ ಒಂದು ಪೂರ್ತಿ ಚಿತ್ರ ಮಾಡಿಸಿದೆ. ಬಿಡಬ್ಲ್ಯೂಡಿಐಎಫ್ ಅನ್ನೋ ಫಿಲ್ಟರ್ ಈ ಕೆಲಸಕ್ಕೆ ಚೆನ್ನಾಗಿದೆ. ಆಗ ಸೆಕೆಂಡಿಗೆ ಸುಮಾರು 60 ಪೂರ್ತಿ ಚಿತ್ರ ಸಿಗುತ್ತದೆ. ಅವನ್ನು 576ಕ್ಕೆ ಹಿಗ್ಗಿಸಿ, ಸೆಕೆಂಡಿಗೆ 50 ಮಾಡಿ, ಕೊನೆಗೆ ಮತ್ತೆ ಎರಡೆರಡನ್ನು ಹೆಣೆದು 25 ಮಾಡಬೇಕು. ಕ್ರಮ ತಪ್ಪಬಾರದು, ಬಿಡಿಸಿದ ಮೇಲೇ ಹಿಗ್ಗಿಸಬೇಕು.

60ನ್ನು 50 ಮಾಡುವ ಜಾಗದಲ್ಲಿ ನಾಲ್ಕು ರಾತ್ರಿ ಕಳೆದೆ. ಸುಮ್ನೆ ಹತ್ತು ಚಿತ್ರ ಬಿಟ್ಟರೆ ಸಣ್ಣ ನಡುಕ ಉಳಿಯುತ್ತದೆ. ಚಲನೆಯನ್ನು ಲೆಕ್ಕ ಹಾಕಿ ನಡುವಿನ ಚಿತ್ರವನ್ನು ಹೊಸದಾಗಿ ಬರೆಯುವ ಫಿಲ್ಟರ್ ಒಂದಿದೆ, ಮಿಂಟರ್‌ಪೊಲೇಟ್. ಒಂದು ಗಂಟೆಯ ವಿಡಿಯೊಗೆ ರಾತ್ರಿಯಿಡೀ ತೆಗೆದುಕೊಂಡಿತು. ಬೆಳಿಗ್ಗೆ ನೋಡಿದರೆ ಆರತಿ ತಟ್ಟೆ ಸುತ್ತುವ ಕಡೆ ಅಮ್ಮನ ಬೆರಳು ಕರಗಿ ತಟ್ಟೆಗೆ ಅಂಟಿಕೊಂಡಿತ್ತು. ಇದ್ದದ್ದನ್ನು ಸ್ವಲ್ಪ ಮಬ್ಬಾಗಿ ತೋರಿಸಿದರೂ ಸರಿ, ಇಲ್ಲದ್ದನ್ನು ಬರೆಯುವುದು ಬೇಡ. ಇದು ನಮ್ಮನೆಯ ವಿಡಿಯೊ. ಕೊನೆಗೆ ಅಕ್ಕಪಕ್ಕದ ಎರಡು ಚಿತ್ರಗಳನ್ನು ಬೆರೆಸುವ ಫ್ರೇಮ್‌ರೇಟ್ ಫಿಲ್ಟರನ್ನೇ ಇಟ್ಟುಕೊಂಡೆ. ಚಲನೆ ಸ್ವಲ್ಪ ಮೃದುವಾಗುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ಇವು ಕ್ಯಾಮ್‌ಕಾರ್ಡರಿನ ವಿಡಿಯೊ ಆದ್ದರಿಂದ ಇಷ್ಟು ಪಾಡು. ಫಿಲ್ಮಿನಿಂದ ಬಂದ ಸಿನಿಮಾ ಆಗಿದ್ದರೆ ದಾರಿ ಬೇರೆ. ಸೆಕೆಂಡಿಗೆ 24 ಚಿತ್ರವನ್ನು 25ಕ್ಕೆ ಓಡಿಸಿಬಿಡಬಹುದು. ಸಿನಿಮಾ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ, ಧ್ವನಿ ಸರಿಪಡಿಸದಿದ್ದರೆ ಸ್ವರ ಸ್ವಲ್ಪ ಏರುತ್ತದೆ.

ಡಿವಿಡಿ ಕಟ್ಟುವಾಗ ಡಿವಿಡಿಆಥರ್ ಅನ್ನೋ ಸಾಫ್ಟ್‌ವೇರ್ ಒಂದು ತಪ್ಪು ತೋರಿಸಿ ನಿಂತಿತು. ಪಾಲ್ ಬೇಕೋ ಎನ್‌ಟಿಎಸ್‌ಸಿ ಬೇಕೋ ಅಂತ ಅದಕ್ಕೆ ಮೊದಲೇ ಹೇಳಿಡಬೇಕು. ಹೇಳಿದ ಮೇಲೆ ಆಯಿತು. ಪರೀಕ್ಷೆಗೆ ಆರ್‌ಡಬ್ಲ್ಯೂ ಡಿಸ್ಕ್ ಬಳಸಿದೆ. ಅಳಿಸಿ ಅಳಿಸಿ ಬರೆಯಬಹುದು, ಒಂದು ಡಿಸ್ಕೂ ಹಾಳಾಗುವುದಿಲ್ಲ.

ಜೂನ್ 28, ಸಾಗರ

ಆರ್‌ಡಬ್ಲ್ಯೂ ಡಿಸ್ಕ್ ಹಾಕಿದೆ. ವಿ-ಹೋಲ್ಡ್ ಮುಟ್ಟಲೇ ಇಲ್ಲ. ಪರದೆ ತುಂಬಾ ಚಿತ್ರ, ಎತ್ತರ ಸರಿ, ಬಣ್ಣ ಸರಿ.

ಆದರೆ ಹಿಮದಲ್ಲಿ ಅಪ್ಪ ನಡೆಯುವಾಗ ಹೆಜ್ಜೆ ಮುಂದಕ್ಕೆ ಹಿಂದಕ್ಕೆ ನಡುಗುತ್ತಿತ್ತು. ನಿಂತಾಗ ಏನೂ ಇಲ್ಲ, ನಡೆದರೆ ನಡುಕ. ಲ್ಯಾಪ್‌ಟಾಪಿನಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಸಂಜೆಯೆಲ್ಲ ಹುಡುಕಿದೆ. ಕ್ಯಾಮ್‌ಕಾರ್ಡರಿನ ಡಿವಿ ಟೇಪಿನಲ್ಲಿ ಗೆರೆಗಳ ಜೋಡಿಯಲ್ಲಿ ಕೆಳಗಿನ ಗೆರೆಗಳ ಅರ್ಧ ಮೊದಲು ಬರುತ್ತದೆ. ಈ ಡಿಸ್ಕಿನ ಫೈಲಿನಲ್ಲಿ ಮೇಲಿನದು ಮೊದಲು ಅಂತ ಗುರುತು ಬಿದ್ದಿತ್ತು. ಫಿಲ್ಟರ್ ಗುರುತನ್ನೇ ನಂಬಿ ಹಿಂದಿನ ಕ್ಷಣವನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಹಾಕಿತ್ತು. ಕೆಳಗಿನದೇ ಮೊದಲು ಅಂತ ಕೈಯಾರೆ ಹೇಳಿ, ಆ ಐದು ನಿಮಿಷದ ತುಣುಕನ್ನು ಮತ್ತೆ ಮಾಡಿ, ರಾತ್ರಿ ಒಂಬತ್ತಕ್ಕೆ ಹಾಕಿದೆ. ಅಪ್ಪ ನೆಟ್ಟಗೆ ನಡೆದರು.

ಜೂನ್ 29

ಸೀಮಂತದ ಡಿಸ್ಕನ್ನು ಈ ಸಲ ಪೂರ್ತಿ ನೋಡಿದೆವು. ಅಮ್ಮನಿಗೆ ಒಂದು ತಕರಾರು. "ನನ್ನ ಸೀರೆ ಹಿಂಗೆ ಕಣ್ಣಿಗೆ ಹೊಡಿಯೂ ಹಂಗಿರ್ಲಿಲ್ಲ" ಅಂದರು. ಎದ್ದು ಹೋಗಿ ಬೀರುವಿನಿಂದ ಅದೇ ಸೀರೆ ತಂದರು. ನೇರಳೆ ಬಣ್ಣದ ಮೈಸೂರು ರೇಷ್ಮೆ. ವಿಡಿಯೊ ನಿಲ್ಲಿಸಿ ಟಿವಿಯ ಪಕ್ಕ ಸೀರೆ ಹಿಡಿದು ನಿಂತರು.

ಅಮೆರಿಕದ ಹಳೇ ಟಿವಿಗಳಲ್ಲಿ ಟಿಂಟ್ ಅಂತ ಒಂದು ತಿರುಪು ಇರುತ್ತಿತ್ತು. ದಾರಿಯಲ್ಲಿ ಅಲೆ ಸ್ವಲ್ಪ ಜಾರಿದರೂ ಮುಖ ಹಸಿರಿಗೋ ಕೆಂಪಿಗೋ ತಿರುಗುತ್ತಿತ್ತು, ಅದನ್ನು ಸರಿ ಮಾಡಲು. ಪಾಲ್‌ನಲ್ಲಿ ಒಂದು ಗೆರೆಯ ತಪ್ಪನ್ನು ಮುಂದಿನ ಗೆರೆ ತಿದ್ದುತ್ತದೆ. ಅದಕ್ಕೇ ನಮ್ಮ ಟಿವಿಗೆ ಟಿಂಟ್ ತಿರುಪೇ ಇಲ್ಲ, ಕಲರ್ ತಿರುಪು ಒಂದೇ. ಅದು ಯಾವ ಕಾಲದಿಂದಲೋ ಪೂರ್ತಿ ಮೇಲೇ ನಿಂತಿತ್ತು. ನಾನು ನಿಧಾನಕ್ಕೆ ಇಳಿಸುತ್ತಾ ಹೋದೆ. ಅಮ್ಮ ಸೀರೆಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡುತ್ತಿದ್ದರು. "ಇನ್ನೂ ಸ್ವಲ್ಪ. ಹಾಂ, ನಿಲ್ಲಿಸು, ಇದೇ."

ಆ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿದ್ದೇನೆ.

ಜುಲೈ 6

ನಾಲ್ಕು ಡಿಸ್ಕ್ ಮುಗಿದಿವೆ. ಆರ್‌ಡಬ್ಲ್ಯೂ ಅಲ್ಲ, ಮಾಮೂಲಿ ಡಿವಿಡಿ-ಆರ್, ಕಡಿಮೆ ಸ್ಪೀಡಿನಲ್ಲಿ ಬರೆದದ್ದು. ಅಕ್ಕನ ಮೂಲ ಡಿಸ್ಕುಗಳ ಫೈಲು ಇದ್ದ ಹಾಗೇ ಎರಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೇನೆ. ಮುಂದೆ ಯಾವ ಟಿವಿ ಬಂದರೂ ಕೆಲಸ ಶುರು ಮಾಡಬೇಕಾದದ್ದು ಅದರಿಂದಲೇ, ನನ್ನ ಪಾಲ್ ಪ್ರತಿಯಿಂದ ಅಲ್ಲ. ಇನ್ನು ಆರು ಡಿಸ್ಕ್ ಬಾಕಿ, ವಾರಕ್ಕೆ ಎರಡರಂತೆ ಮಾಡುತ್ತೇನೆ.

ಏಳನೆಯದನ್ನು ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ ಇಟ್ಟಿದ್ದೇನೆ. ಗೆಳೆಯರೊಬ್ಬರ ಹತ್ತಿರ ಹಳೇ ಡೆಸ್ಕ್‌ಟಾಪಿನ ಡ್ರೈವ್ ಇದೆ, ಬುಧವಾರ ಅದರಲ್ಲಿ ಹಾಕಿ ನೋಡಬೇಕು. ಅದರ ಮೇಲೆ ಅಕ್ಕ ಬರೆದದ್ದು: "ಅಪ್ಪ ಹಾಡಿದ್ದು, ತೊಟ್ಟಿಲ ಹತ್ತಿರ."