ಶಿರಾ ಸೀಮೆಯ ರೊಪ್ಪದಲ್ಲಿ ಕುರಿ ಈಯುವ ಕಾಲ

ತುಮಕೂರಿನಿಂದ ಶಿರಾಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 50 ಕಿಲೋಮೀಟರ್. ಕಳ್ಳಂಬೆಳ್ಳ ದಾಟಿದ ಮೇಲೆ ತೆಂಗು, ಅಡಿಕೆ ತೆಳುವಾಗುತ್ತಾ ಕೆಂಪು ನೆಲ, ಹುಣಸೆ, ಬಳ್ಳಾರಿ ಜಾಲಿ ಎದುರಾಗುತ್ತವೆ. ಶಿರಾದಲ್ಲಿ ಹೆದ್ದಾರಿ ಬಿಟ್ಟು ಬರಗೂರು ಕಡೆಗೆ ತಿರುಗಿದರೆ ಡಿಸೆಂಬರ್‌ನಲ್ಲಿ ಕಾಣುವುದು ಕೊಯ್ದ ರಾಗಿ ಹೊಲದ ಕೂಳೆ, ಕಿತ್ತು ಒಣಗಿಸಿ ಬಣವೆ ಒಟ್ಟಿದ ಕಡ್ಲೆಕಾಯಿ ಬಳ್ಳಿ, ಅಲ್ಲಲ್ಲಿ ಹಸಿರಿರುವ ಹುರುಳಿ. ಆಂಧ್ರದ ಗಡಿ ಹತ್ತಿರವಾದ್ದರಿಂದ ಟೀ ಅಂಗಡಿಯಲ್ಲಿ ಅರ್ಧ ಮಾತು ತೆಲುಗು. ನೋಡಲು ಹೊರಟದ್ದು ಕೋಟೆ, ಗೋರಿಗಳನ್ನಲ್ಲ. ಒಂದು ಮನೆಯವರೇ ನೋಡಿಕೊಳ್ಳುವ 42 ಹೆಣ್ಣು ಕುರಿಗಳ ರೊಪ್ಪವನ್ನು, ಅಂದರೆ ಕುರಿದೊಡ್ಡಿಯನ್ನು, ಅದೂ ಈಯುವ ವಾರದಲ್ಲಿ.

ಡಿಸೆಂಬರ್ ಎರಡನೇ ವಾರಕ್ಕೇ ಹೋಗಬೇಕೆಂಬುದಕ್ಕೆ ಲೆಕ್ಕವಿದೆ. ಕುರಿಯ ಗಬ್ಬ 147ರಿಂದ 150 ದಿನ. ಮುಂಗಾರಿನ ಹೊಸ ಹುಲ್ಲು ಮೇಯ್ದು ಮೈದುಂಬಿದ ಕುರಿ ಚೆನ್ನಾಗಿ ಬೆದೆಗೆ ಬರುತ್ತದೆ. ಜುಲೈ ಮಧ್ಯದಲ್ಲಿ ಟಗರು ಬಿಟ್ಟರೆ ಡಿಸೆಂಬರ್ ಮಧ್ಯಕ್ಕೆ ಮರಿ. ಆ ಹೊತ್ತಿಗೆ ಕಡ್ಲೆಕಾಯಿ, ರಾಗಿ ಕೊಯ್ಲು ಮುಗಿದು ಬಳ್ಳಿ, ಹೊಟ್ಟು, ಕೂಳೆ ಸಿಗುತ್ತವೆ. ಹಾಲು ಇಳಿಸಬೇಕಾದ ತಾಯಿಗೆ ಹೊಟ್ಟೆ ತುಂಬ ಮೇವು. ಈ ಲೆಕ್ಕದಲ್ಲಿ ತೊಡಕು ಒಂದೇ. ವರ್ಷದ ಅತಿ ಚಳಿಯ ವಾರಗಳಲ್ಲೇ ಮರಿ ನೆಲಕ್ಕೆ ಬೀಳುತ್ತದೆ.

ರೊಪ್ಪದ ಒಳಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದಿದ್ದಾರೆ, ಒಂದೊಂದು ಕುರಿಗೆ ಒಂದೊಂದು. ಟಗರು ಬಿಡುವಾಗ ಅದರ ಎದೆಗೆ ಕೆಮ್ಮಣ್ಣನ್ನು ಹರಳೆಣ್ಣೆಯಲ್ಲಿ ಕಲಸಿ ಮೆತ್ತುತ್ತಾರೆ. ಟಗರು ಹತ್ತಿದ ಕುರಿಯ ಬೆನ್ನ ಹಿಂಭಾಗದಲ್ಲಿ ಕೆಂಪು ಉಳಿಯುತ್ತದೆ. ಅಂದಿನ ತಾರೀಖು ಗೀಟಿನ ಪಕ್ಕಕ್ಕೆ. ಎರಡು ಮೂರು ದಿನಕ್ಕೊಮ್ಮೆ ಮತ್ತೆ ಮೆತ್ತಬೇಕು. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುವುದರಿಂದ 17ನೇ ದಿನ ಬಣ್ಣ ಬದಲಿಸಿ ಹಳದಿ ಪುಡಿ ಹಚ್ಚುತ್ತಾರೆ. ಕೆಂಪಿನ ಮೇಲೆ ಹಳದಿಯೂ ಬಿದ್ದರೆ ಮೊದಲ ಸಲ ಗಬ್ಬ ನಿಂತಿಲ್ಲವೆಂದು ಅರ್ಥ. ಹೆಚ್ಚಿನ ಕುರಿಗಳ ಮೇಲೆ ಎರಡೂ ಬಣ್ಣ ಕಂಡರೆ ದೋಷ ಟಗರಿನದು, ಮಾರಿಬಿಡಬೇಕು. 25–30 ಕುರಿಗೆ ಒಂದು ಟಗರು ಸಾಕು. ಬಾಗಿಲ ಪೇಂಟ್ ಮಾತ್ರ ಬಳಿಯಬಾರದು, ಚರ್ಮ ಸುಡುತ್ತದೆ, ಉಣ್ಣೆಗೂ ಹತ್ತಿಕೊಂಡು ಬಿಡುವುದಿಲ್ಲ. ಇಷ್ಟು ಮಾಡಿದವರಿಗೆ ಯಾವ ವಾರ ಯಾವ ಕುರಿಯ ಪಕ್ಕ ಮಲಗಬೇಕೆಂಬುದು ಗೊತ್ತಿರುತ್ತದೆ. ಟಗರನ್ನು ವರ್ಷವಿಡೀ ಹಿಂಡಿನಲ್ಲೇ ಬಿಡುವ ಮನೆಗಳಲ್ಲಿ ಇದು ಗೊತ್ತಾಗುವುದಿಲ್ಲ. ಮರಿಗಳು ಹೆಚ್ಚು ಸಾಯುವುದೂ ಅಂಥಲ್ಲೇ.

ಸಾವು ರಾತ್ರಿ ಬರುತ್ತದೆ, ಕಾರಣ ಮಾತ್ರ ತಿಂಗಳ ಹಿಂದಿನದು. ಹೊಟ್ಟೆಯೊಳಗಿನ ಮರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಅದೇ ಹೊತ್ತಿಗೆ ಮರಿ ಒತ್ತಿ ತಾಯಿಯ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆಯಾಗುತ್ತದೆ. ಒಣ ರಾಗಿ ಹುಲ್ಲು ಎಷ್ಟು ಹಾಕಿದರೂ ಸಾಲದು. ಇಲ್ಲಿ ಕಲಸುವ 10 ಕಿಲೋ ತಿಂಡಿಯಲ್ಲಿ ಮುಸುಕಿನ ಜೋಳದ ನುಚ್ಚು 5 ಕಿಲೋ, ಗೋಧಿ ಬೂಸಾ 2.7 ಕಿಲೋ, ಕಡ್ಲೆಕಾಯಿ ಹಿಂಡಿ 2 ಕಿಲೋ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಕುರಿಗೆ ದಿನಕ್ಕೆ 250 ಗ್ರಾಂ, ಅವಳಿ ಇರುವಂತೆ ಕಂಡರೆ 350. ಶುರು 50 ಗ್ರಾಂನಿಂದ, ಏರಿಸುವುದು ವಾರ ಹತ್ತು ದಿನದಲ್ಲಿ. ಒಮ್ಮೆಗೇ ಸುರಿದರೆ ಹೊಟ್ಟೆ ಹುಳಿಯಾಗಿ ಕುರಿ ಮಲಗಿಬಿಡುತ್ತದೆ. ಹಿಂಡಿಗೆ ಬೂಸಲು ಬಂದಿದ್ದರೆ ಅಗ್ಗಕ್ಕೆ ಸಿಕ್ಕಿತೆಂದು ತರಬಾರದು, ಗಬ್ಬ ಬೀಳಲು ಅಷ್ಟೇ ಸಾಕು.

ಅವಳಿ ಹೊತ್ತ ಕುರಿಗೆ ಹೊಟ್ಟೆಗೆ ಸಾಲದೆ ಬಂದರೆ ಅದು ತನ್ನ ಮೈಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ, ಆಗ ನಂಜೇರುತ್ತದೆ. ಗುಂಪು ಬಿಟ್ಟು ಒಂಟಿಯಾಗಿ ನಿಲ್ಲುವುದು, ಹಲ್ಲು ಮಸೆಯುವುದು, ಕುರುಡರಂತೆ ಗೋಡೆಗೆ ತಲೆ ಒತ್ತುವುದು, ಉಸಿರಿನಲ್ಲಿ ಕೊಳೆತ ಹಣ್ಣಿನ ಸಿಹಿ ವಾಸನೆ ಇದರ ಗುರುತು. ಮೊದಲ ದಿನವೇ ಬೆಲ್ಲದ ನೀರು ಕುಡಿಸಿ ವೈದ್ಯರನ್ನು ಕರೆದರೆ ಉಳಿಯುತ್ತದೆ, ನೆಲ ಹಿಡಿದ ಮೇಲೆ ಕಷ್ಟ. ಈಯಲು ಮೂರು ನಾಲ್ಕು ವಾರ ಇರುವಾಗ ತಾಯಿಗೆ ಕರುಳುಬೇನೆಯ ಲಸಿಕೆ ಹಾಕಿಸುತ್ತಾರೆ. ತಾಯಿಯಲ್ಲಿ ಹುಟ್ಟಿದ ರಕ್ಷಣೆ ಮರಿಗೆ ಗಿಣ್ಣಿನಲ್ಲಿ ಇಳಿಯಲಿ ಎಂದು.

ಸಂಜೆ ಹಿಂಡು ರೊಪ್ಪಕ್ಕೆ ಬಂದಾಗ ಮನೆಯಾಕೆ ಬಾಗಿಲಲ್ಲಿ ನಿಂತು ಒಂದೊಂದರ ಹಿಂಭಾಗ ನೋಡಿ ಒಳಗೆ ಬಿಡುತ್ತಾರೆ. ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿದೆಯೇ, ಕೆಚ್ಚಲು ಬಿಗಿದು ಹೊಳೆಯುತ್ತಿದೆಯೇ, ಹಿಂದೆ ಲೋಳೆ ಇದೆಯೇ. ಅಂದು ಮೂರನ್ನು ಬೇರೆ ಮಾಡಿ ಮೂಲೆಯ ಗೂಡಿಗೆ ಸೇರಿಸಿದರು. ಗೂಡೆಂದರೆ 4 ಅಡಿಗೆ 5 ಅಡಿ, ಬಿದಿರ ತಟ್ಟಿಯ ಅಡ್ಡಗೋಡೆ, ನೆಲಕ್ಕೆ ಸುಣ್ಣದ ಪುಡಿ, ಮೇಲೆ ನಾಲ್ಕು ಬೆರಳು ದಪ್ಪ ಒಣ ರಾಗಿ ಹುಲ್ಲು. ಗಾಳಿ ಬೀಸುವ ಕಡೆಗೆ ಗೋಣಿತಾಟು ಇಳಿಬಿಟ್ಟಿದ್ದಾರೆ. ಮೇಲ್ಗಡೆ ಮಾತ್ರ ತೆರೆದಿರಬೇಕು. ಪೂರ್ತಿ ಮುಚ್ಚಿದರೆ ಗಂಜಲದ ಘಾಟು ತುಂಬಿ ಮರಿಗಳಿಗೆ ಶ್ವಾಸದ ಕಾಯಿಲೆ ಹಿಡಿಯುತ್ತದೆ.

ಗೂಟಕ್ಕೆ ತೂಗುಹಾಕಿದ ಚೀಲದಲ್ಲಿ ಸೋಪು, ಕೈಗವಸು, ಕೊಬ್ಬರಿ ಎಣ್ಣೆ, ಟಿಂಕ್ಚರ್ ಅಯೋಡಿನ್, ಕುದಿಸಿ ಒಣಗಿಸಿದ ಕತ್ತರಿ, ದಾರ, ಹಳೆ ಪಂಚೆಯ ತುಂಡುಗಳು, ಥರ್ಮಾಮೀಟರ್, ನಿಪ್ಪಲ್ ಬಾಟಲಿ, ಟಾರ್ಚ್. ಪಶು ಆಂಬುಲೆನ್ಸ್‌ನ 1962 ಸಂಖ್ಯೆಯನ್ನು ಚೀಲದ ಮೇಲೇ ಬರೆದಿದ್ದಾರೆ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿ ಕಟ್ಟಿನ ಸಾರು. ಕಟ್ಟು ಬಸಿದ ಕಾಳು ಮನುಷ್ಯರಿಗೆ ಅರ್ಧ, ಈದ ಕುರಿಗೆ ಅರ್ಧ. ಈ ಪಾಲಿನ ಬಗ್ಗೆ ಆ ಮನೆಯಲ್ಲಿ ಯಾರ ತಕರಾರೂ ಇಲ್ಲ.

ಹತ್ತೂವರೆಗೆ ಮೊದಲನೆಯದು ನೆಲ ಕೆರೆಯಲು ಶುರುಮಾಡಿತು. ಏಳುವುದು, ಸುತ್ತುವುದು, ಮಲಗುವುದು, ತನ್ನ ಹಿಂಭಾಗವನ್ನೇ ತಿರುಗಿ ನೋಡುವುದು. ನೀರುಚೀಲ ಕಂಡ ಮೇಲೆ ಅರ್ಧ ಗಂಟೆಯೊಳಗೆ ಎರಡು ಮುಂಗಾಲ ಗೊರಸು, ಅವುಗಳ ಮೇಲೆ ಒರಗಿದ ಮೂಗು. ನೀರಿಗೆ ಧುಮುಕುವ ಹುಡುಗ ಕೈಚಾಚಿದಂತೆ. ಹೀಗೆ ಬಂದರೆ ಯಾರೂ ಮುಟ್ಟಬಾರದು. ಹೊಸಬರು ಮಾಡುವ ಮೊದಲ ತಪ್ಪು, ಕಾಲು ಕಂಡ ಕೂಡಲೇ ಎಳೆಯುವುದು. ದಾರಿ ಇನ್ನೂ ಸಡಿಲಾಗಿರುವುದಿಲ್ಲ, ಹರಿಯುತ್ತದೆ.

ಎರಡನೆಯದು ಹಾಗೆ ಬರಲಿಲ್ಲ. ನೀರು ಒಡೆದು ಮುಕ್ಕಾಲು ಗಂಟೆ ತಿಣುಕಿದರೂ ಮೂಗು ಮತ್ತು ಒಂದೇ ಕಾಲು. ಮನೆಯಾಕೆ ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಗವಸಿನ ಮೇಲೆ ಎಣ್ಣೆ ಸವರಿ ಕುಳಿತರು. ಗಂಡಸರ ಅಗಲ ಅಂಗೈಗೆ ಆ ಜಾಗದಲ್ಲಿ ಕೆಲಸವಿಲ್ಲ. ಕುರಿ ತಿಣುಕುವಾಗ ಕೈ ಅಲ್ಲಾಡಿಸದೆ, ಬಿಡುವು ಕೊಟ್ಟಾಗ ಮರಿಯ ತಲೆಯನ್ನು ಸ್ವಲ್ಪ ಒಳಕ್ಕೆ ಒತ್ತಿ, ಮಡಚಿಕೊಂಡಿದ್ದ ಕಾಲಿನ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತಂದರು. ಗೊರಸನ್ನು ಮುಚ್ಚಿ ಹಿಡಿಯದಿದ್ದರೆ ಅದರ ಚೂಪು ಗರ್ಭಕೋಶವನ್ನು ಸೀಳುತ್ತದೆ. ಆಮೇಲೆ ತಾಯಿ ತಿಣುಕಿದಾಗ ಮಾತ್ರ, ನೇರಕ್ಕಲ್ಲ, ಕೆಚ್ಚಲ ಕಡೆಗೆ ಬಾಗಿಸಿ ಎಳೆತ.

“ಮೊದ್ಲು ಕಾಲು ಯಾರ್ದು ಅಂತ ನೋಡ್ಕಬೇಕು ಕಣಣ್ಣ. ಎಲ್ಡು ಮರಿ ಇದ್ರೆ ಒಂದ್ರುದ್ದೊಂದು ಕಾಲು, ಇನ್ನೊಂದ್ರುದ್ದೊಂದು ಕಾಲು ಸಿಗ್ತೈತೆ. ಹಂಗೇ ಎಳದ್ರೆ ಮೂರೂ ಹೋದ್ವು ಅಂತ್ಲೇ ಲೆಕ್ಕ.”

ಹಿಡಿದ ಕಾಲಿನ ಉದ್ದಕ್ಕೂ ಬೆರಳು ಸರಿಸಿ ಎದೆ ಮುಟ್ಟಿ, ಅಲ್ಲಿಂದ ಇನ್ನೊಂದು ಕಾಲಿಗೆ ಇಳಿಯುವುದು ಇದಕ್ಕೆ ಉಪಾಯ. ಮುಂಗಾಲೋ ಹಿಂಗಾಲೋ ತಿಳಿಯಲು ಮಡಿಕೆ ನೋಡಬೇಕು: ಗೊರಸಿನ ಮೇಲಿನ ಎರಡು ಕೀಲುಗಳೂ ಒಂದೇ ಕಡೆ ಮಡಚಿದರೆ ಮುಂಗಾಲು, ಎದುರು ಬದುರು ಮಡಚಿದರೆ ಹಿಂಗಾಲು. ಎರಡೂ ಹಿಂಗಾಲು ಮುಂದಾಗಿ ಬಂದ ಮರಿಯನ್ನು ತಿರುಗಿಸಲು ಹೋಗದೆ ಹಾಗೇ ಬೇಗ ತೆಗೆಯಬೇಕು. ಹೊಕ್ಕುಳ ಬಳ್ಳಿ ಒತ್ತಿದ ಗಳಿಗೆಯಿಂದ ಅದಕ್ಕೆ ಉಸಿರಿಲ್ಲ. ಕಾಲು ಸಿಗದೆ ಬಾಲ ಮಾತ್ರ ಕೈಗೆ ಬಂದರೆ, ತಲೆ ಹಿಂದಕ್ಕೆ ತಿರುಗಿದ್ದರೆ, ಹತ್ತು ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ, ಕೈ ತೆಗೆದು ವೈದ್ಯರಿಗೆ ಫೋನ್ ಮಾಡುವುದೇ ಜಾಣತನ.

ಮರಿ ಬಿದ್ದೊಡನೆ ಬಾಯಿ ಮೂಗಿನ ಲೋಳೆ ಒರೆಸಿದರು. ಉಸಿರು ತೆಗೆಯದೆ ಇದ್ದಾಗ ಒಣ ಹುಲ್ಲುಕಡ್ಡಿಯನ್ನು ಮೂಗಿನಲ್ಲಿ ತಿರುವಿದರು, ಸೀನಿತು. ಮೈ ಪೂರ್ತಿ ಒರೆಸಲಿಲ್ಲ. ತಾಯಿಯ ಮುಂದೆ ಇಟ್ಟು ನೆಕ್ಕಲು ಬಿಟ್ಟರು. ತಾಯಿಗೆ ಮರಿಯ ಗುರುತು ಹತ್ತುವುದು ಆ ನೆಕ್ಕುವಿಕೆಯಲ್ಲೇ. ನೆಕ್ಕಲು ಒಲ್ಲದ ಚೊಚ್ಚಲ ಕುರಿಯಾದರೆ ಮರಿಯ ಮೈಗೆ ಚೂರು ಉಪ್ಪು, ಬೂಸಾ ಸವರುತ್ತಾರೆ. ಹೊಕ್ಕುಳ ಬಳ್ಳಿ ತಾನಾಗಿ ಹರಿದಿತ್ತು. ಉದ್ದವಿದ್ದರೆ ಎರಡು ಬೆರಳಗಲ ಬಿಟ್ಟು ಕಟ್ಟಿ ಕತ್ತರಿಸುವುದು. ಟಿಂಕ್ಚರನ್ನು ಮೇಲೆ ತೊಟ್ಟಿಕ್ಕಿಸಿದರೆ ಸಾಲದು, ಚಿಕ್ಕ ಲೋಟದಲ್ಲಿ ಹಾಕಿ ಬಳ್ಳಿಯನ್ನು ಬುಡದವರೆಗೂ ಅದ್ದಬೇಕು, ಮರುದಿನ ಮತ್ತೊಮ್ಮೆ. ಇದನ್ನು ಬಿಟ್ಟವರ ಮರಿಗಳು ಹತ್ತು ದಿನಕ್ಕೆ ಮೊಣಕಾಲು ಊದಿ ಕುಂಟುತ್ತವೆ. ಕೀವು ಹೊಕ್ಕುಳಿಂದ ಕೀಲಿಗೆ ಏರಿರುತ್ತದೆ.

ಇನ್ನು ಗಿಣ್ಣು. ಕುರಿಯ ಗರ್ಭದಲ್ಲಿ ತಾಯಿಯ ರಕ್ಷಣೆ ಮರಿಯ ರಕ್ತಕ್ಕೆ ದಾಟುವುದಿಲ್ಲ. ಎಲ್ಲವೂ ಗಿಣ್ಣಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಆರು ಗಂಟೆಯ ನಂತರ ಇಳಿಯತೊಡಗಿ ಒಂದು ದಿನದಲ್ಲಿ ಮುಗಿಯುತ್ತದೆ. ಮೊದಲ ಎರಡು ಗಂಟೆಯೊಳಗೆ ಮರಿಯ ಕಿಲೋ ತೂಕಕ್ಕೆ 50 ಮಿಲಿಲೀಟರ್, ದಿನ ತುಂಬುವುದರೊಳಗೆ ಸುಮಾರು 200. ಎರಡೂವರೆ ಕಿಲೋದ ಮರಿಗೆ ದಿನಕ್ಕೆ ಅರ್ಧ ಲೀಟರ್. ತೊಟ್ಟಿನ ತುದಿಗೆ ಮೇಣದಂಥ ಬಿರಡೆ ಇರುತ್ತದೆ, ಎರಡು ಸಲ ಹಿಂಡಿ ತೆಗೆಯದಿದ್ದರೆ ಬಡಕಲು ಮರಿ ಚೀಪಿ ಚೀಪಿ ಸೋಲುತ್ತದೆ. ಮರಿ ಚೀಪುತ್ತಿದೆ ಎಂದು ನಂಬಬಾರದು, ಹೊಟ್ಟೆ ಮುಟ್ಟಿ ನೋಡಬೇಕು. ಹೆಚ್ಚು ಹಾಲಿನ ಕುರಿಯ ಗಿಣ್ಣನ್ನು ಈ ಮನೆಯವರು ಫ್ರಿಜ್ಜಿನ ಮೇಲ್ಖಾನೆಯಲ್ಲಿ ಸಣ್ಣ ಬಾಟಲಿಗಳಲ್ಲಿ ಗಟ್ಟಿ ಮಾಡಿಟ್ಟಿದ್ದಾರೆ. ಕರಗಿಸುವುದು ಕೈ ತಡೆಯುವಷ್ಟು ಬೆಚ್ಚನೆಯ ನೀರಿನಲ್ಲಿ. ಒಲೆಯ ಮೇಲಿಟ್ಟರೆ ಒಡೆದು ರಕ್ಷಣೆಯ ಗುಣವೇ ಹೋಗುತ್ತದೆ. ಕುರಿಯದು ಸಿಗದಿದ್ದರೆ ಮೇಕೆಯದು, ಅದೂ ಇಲ್ಲದಿದ್ದರೆ ಹಸುವಿನದು.

ಬೆಳಗಿನ ಜಾವ ಮೂರನೆಯದು ಅವಳಿ ಹಾಕಿತು. ಎರಡನೇ ಮರಿ ಒದ್ದೆ ಮೈಯಲ್ಲೇ ಗೂಡಿನ ಮೂಲೆಗೆ ಜಾರಿ ಸ್ವಲ್ಪ ಹೊತ್ತು ಯಾರ ಕಣ್ಣಿಗೂ ಬೀಳಲಿಲ್ಲ. ಬಾಯೊಳಗೆ ಬೆರಳಿಟ್ಟರೆ ತಣ್ಣಗೆ. ಮರಿಯ ಮೈ 102–103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಥರ್ಮಾಮೀಟರ್ 98 ತೋರಿಸಿತು. ಇಂಥ ಮರಿಗೆ ಗಾಬರಿಯಿಂದ ಹಾಲು ಹೊಯ್ದರೆ ನುಂಗಲಾರದೆ ಪುಪ್ಪುಸಕ್ಕೆ ಇಳಿಯುತ್ತದೆ. ಮೊದಲು ಒರೆಸುವುದು, ಕಂಬಳಿಯಲ್ಲಿ ಸುತ್ತುವುದು, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎರಡೂ ಬದಿಗೆ ಇಟ್ಟು ಮಂಕರಿ ಮುಚ್ಚುವುದು. ತಾನಾಗಿ ಬೆರಳು ಚೀಪತೊಡಗಿದ ಮೇಲೆ ಗಿಣ್ಣು. ಹುಟ್ಟಿ ಐದು ಗಂಟೆ ದಾಟಿದ ಮರಿ ಹೀಗೆ ತಣ್ಣಗಾಗಿದ್ದರೆ ಮಾತು ಬೇರೆ. ಅದರ ಮೈಯ ಸಕ್ಕರೆ ಮುಗಿದಿರುತ್ತದೆ, ಬರೀ ಕಾಯಿಸಿದರೆ ಸೆಟೆದು ಸಾಯುತ್ತದೆ. ವೈದ್ಯರು ಮೊದಲು ಗ್ಲೂಕೋಸ್ ಚುಚ್ಚಿ ಆಮೇಲೆ ಕಾಯಿಸುತ್ತಾರೆ. ಈ ಮರಿ ಮುಕ್ಕಾಲು ಗಂಟೆಗೆ ಕಿವಿ ಅಲ್ಲಾಡಿಸಿತು.

ಅವಳಿ ಈ ಕಡೆಯ ನಾಟಿ ಕುರಿಗಳಲ್ಲಿ ಅಪರೂಪ. ಅದು ನಾರಿ ಸುವರ್ಣ ಬೆರಕೆಯ ಕುರಿ. ಮಹಾರಾಷ್ಟ್ರದ ಫಲ್ಟಣದಲ್ಲಿ ದಖನಿ ಕುರಿಗೆ ಸುಂದರಬನದ ಗರೋಲ್ ಕುರಿಯ ಅವಳಿ ಜೀನ್ ಸೇರಿಸಿ ಬೆಳೆಸಿದ ತಳಿಯಿದು. ಮರಿ ಹೆಚ್ಚೆಂದು ತಂದುಕೊಂಡು ಮೇವು, ಆರೈಕೆ ಹಳೆಯದೇ ಇಟ್ಟರೆ ಎರಡು ಬಡಕಲು ಮರಿ ಸಿಗುತ್ತವೆ, ಬಲವಾದ ಒಂದೂ ಇಲ್ಲ.

ಕಸ, ಅಂದರೆ ಮರಿಯ ಹಿಂದೆ ಬರುವ ಮಾಸು, ಸಾಮಾನ್ಯವಾಗಿ ಎರಡು ಮೂರು ಗಂಟೆಯಲ್ಲಿ ಬೀಳುತ್ತದೆ. ಅರ್ಧ ದಿನವಾದರೂ ಬೀಳದಿದ್ದರೆ ವೈದ್ಯರು. ಕಲ್ಲು ಕಟ್ಟಿ ಎಳೆಯುವ ಪದ್ಧತಿ ಇನ್ನೂ ಕೆಲವು ಕಡೆ ಇದೆ, ಅದು ಕುರಿಯನ್ನು ಕೊಲ್ಲುತ್ತದೆ. ಕಸವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ನಾಯಿ ಕಿತ್ತು ತಿಂದು ರುಚಿ ಹತ್ತಿದರೆ ಮುಂದಿನ ಸಲ ಮರಿಗೇ ಬಾಯಿ ಹಾಕುತ್ತದೆ. ಈ ಸೀಮೆಯಲ್ಲಿ ತೋಳನ ಹೆಸರು ದೊಡ್ಡದು, ಮರಿ ಒಯ್ಯುವುದು ಹೆಚ್ಚಾಗಿ ಊರ ನಾಯಿ.

ಬೆಳಗ್ಗೆ ಹಿಂಡು ಮೇಯಲು ಹೋದ ಮೇಲೆ ರೊಪ್ಪ ಮರಿಗಳದ್ದು. ಎರಡು ವಾರದವಕ್ಕೆ ಅತ್ತಿ, ಸುಬಾಬುಲ್ ಸೊಪ್ಪನ್ನು ಮೂತಿಗೆ ಎಟಕುವ ಎತ್ತರದಲ್ಲಿ ಕಟ್ಟು ಕಟ್ಟಿ ತೂಗುಹಾಕುತ್ತಾರೆ. ನೆಲಕ್ಕೆ ಹಾಕಿದರೆ ತುಳಿದು ಹೊಲಸು ಮಾಡಿ ಅದನ್ನೇ ತಿನ್ನುತ್ತವೆ. ಮೂರು ನಾಲ್ಕು ವಾರದ ಮರಿಗಳಿಗೆ ರಕ್ತಭೇದಿ ಹತ್ತುವುದು ಹೆಚ್ಚಾಗಿ ಇಂಥ ಒದ್ದೆ ನೆಲದಿಂದ. ಹಾಲು ಬಿಡಿಸುವುದು ಮೂರು ತಿಂಗಳಿಗೆ.

ನೋಡಲು ಹೋಗುವವರು ಮೊದಲೇ ಹೇಳಿ ಹೋಗಬೇಕು, ಬೇರೆ ರೊಪ್ಪ ತುಳಿದ ಚಪ್ಪಲಿಯಲ್ಲಿ ಒಳಗೆ ಕಾಲಿಡಬಾರದು. ಬಸುರಿಯರು ಈಯುವ ಗೂಡಿನ ಹತ್ತಿರವೇ ಹೋಗಬಾರದು; ಕುರಿಯ ಗಬ್ಬ ಬೀಳಿಸುವ ಕೆಲವು ರೋಗಗಳು ಮನುಷ್ಯರಿಗೂ ಅಂಟುತ್ತವೆ. ಮರಿಯನ್ನು ಎತ್ತಿ ಫೋಟೊ ತೆಗೆಸಿಕೊಳ್ಳುವ ಆಸೆಯನ್ನು ಮೊದಲ ದಿನ ತಡೆದುಕೊಂಡರೆ ಒಳ್ಳೆಯದು. ತಾಯಿ ಮೂಸಿ ಗುರುತು ಹಿಡಿಯುವ ಹೊತ್ತಿನಲ್ಲಿ ಪರಿಮಳದ ಸೋಪಿನ ಕೈ ಮುಟ್ಟಿದರೆ ಕೆಲವು ಕುರಿಗಳು ಹತ್ತಿರ ಸೇರಿಸುವುದಿಲ್ಲ.

ಹೊರಡುವ ಹೊತ್ತಿಗೆ ಮನೆಯಾಕೆ ಮಂಕರಿ ಎತ್ತಿ ಅವಳಿಯನ್ನು ತಾಯಿಯ ಕೆಚ್ಚಲಿಗೆ ಹಿಡಿಸಿ, ಗೋಡೆಯ ಮೇಲಿನ ಮೂರು ಗೀಟಿಗೆ ಅಡ್ಡಗೆರೆ ಎಳೆದರು. ಕೆಂಪಿನ ಸಾಲಿನಲ್ಲಿ ಇನ್ನೂ ಹದಿಮೂರು ಉಳಿದಿದ್ದವು. ಹಳದಿಯದು ಶುರುವೇ ಆಗಿರಲಿಲ್ಲ.