ಜಾಗ ಹುಡುಕುವ ದಿನ ಕ್ಯಾಮೆರಾ ಬೇಡ

ಬಡಾವಣೆಯಲ್ಲಿ ಫೋಟೋ ತೆಗೆಯೋಕೆ ಏನಿದೆ ಅನ್ನುವವರು ಬಹುತೇಕ ನಡುಮಧ್ಯಾಹ್ನ ಒಂದು ಸುತ್ತು ಹಾಕಿ ಬಂದವರೇ. ಒಂದೇ ಅಚ್ಚಿನ ಮನೆಗಳು, ಸಾಲುಗಟ್ಟಿದ ಕಾರುಗಳು, ತಲೆ ಮೇಲೆ ತಂತಿಗಳ ಗೋಜಲು. ಅದೇ ರಸ್ತೆಯಲ್ಲಿ ಒಂದೇ ದಿನ ಮೂರು ಸಲ ಓಡಾಡಿ ನೋಡಿ: ಬೆಳಕು ಹರಿಯುವಾಗ, ಬಿಸಿಲು ನೆತ್ತಿಗೇರಿದಾಗ, ಹೊತ್ತು ಮುಳುಗುವಾಗ. ಆ ದಿನ ಕ್ಯಾಮೆರಾ ಮನೆಯಲ್ಲೇ ಇರಲಿ. ಕೈಯಲ್ಲಿದ್ದರೆ ಮೊದಲು ಕಂಡ ಹೂವಿನ ಮುಂದೆಯೇ ಕೂತುಬಿಡುತ್ತೇವೆ, ಜಾಗ ಹುಡುಕುವುದು ಅಲ್ಲಿಗೇ ನಿಲ್ಲುತ್ತದೆ. ಫೋನು, ಒಂದು ಚೀಟಿ, ಪೆನ್ನು ಸಾಕು.

ಹಿಂದಿನ ರಾತ್ರಿ ಕಾಲು ಗಂಟೆ ಉಪಗ್ರಹ ನಕ್ಷೆ ನೋಡಿಕೊಳ್ಳಿ. ನೀರು ನಿಂತ ಜಾಗ, ಮರಗಳ ಸಾಲು, ಬಡಾವಣೆಯ ಅಂಚಿನ ಬಯಲು, ನೇರವಾಗಿ ಪೂರ್ವ-ಪಶ್ಚಿಮಕ್ಕೆ ಹಾದ ರಸ್ತೆ, ಇಷ್ಟನ್ನು ಗುರುತು ಮಾಡಿ. ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುವುದರಿಂದ ಅಂಥ ರಸ್ತೆಯ ತುದಿಯಲ್ಲೇ ಕಾಣಿಸುತ್ತಾನೆ. ಉಳಿದ ದಿನಗಳ ದಿಕ್ಕನ್ನು ಸನ್ ಸರ್ವೇಯರ್, ಫೋಟೋಪಿಲ್ಸ್‌ನಂಥ ಆ್ಯಪ್‌ಗಳು ತೋರಿಸುತ್ತವೆ. ಕಬ್ಬಿಣದ ಗೇಟು, ಕಾರುಗಳ ಪಕ್ಕ ನಿಂತರೆ ಫೋನಿನ ದಿಕ್ಸೂಚಿ ದಾರಿ ತಪ್ಪಿಸುತ್ತದೆ. ನಾಲ್ಕು ಹೆಜ್ಜೆ ದೂರ ಸರಿದು ಮತ್ತೊಮ್ಮೆ ನೋಡಿ.

ಬೆಳಗಿನ ಸುತ್ತು ನೀರಿಗೆ. ಗಾಳಿ ಏಳುವ ಮೊದಲು ಕೆರೆಯಾಗಲಿ ಹೊಂಡವಾಗಲಿ ಕನ್ನಡಿಯ ಹಾಗಿರುತ್ತದೆ, ಆಮೇಲೆ ಪ್ರತಿಬಿಂಬ ಚೂರುಚೂರು. ಕೆರೆ ಇಲ್ಲವೆಂದು ಬೇಸರ ಬೇಡ. ಮಳೆ ನಿಂತ ಮೇಲೆ ರಸ್ತೆಯ ತಗ್ಗಿನಲ್ಲಿ ಉಳಿಯುವ ಒಂದು ಮೊಳ ಅಗಲದ ನೀರೂ ಸಾಕು. ಫೋನನ್ನು ತಲೆಕೆಳಗು ಮಾಡಿ, ಲೆನ್ಸು ನೀರಿಗಿಂತ ಒಂದು ಬೆರಳಷ್ಟೇ ಮೇಲಿರುವಂತೆ ಹಿಡಿದರೆ ಎದುರಿನ ಇಡೀ ಮನೆ ಅದರಲ್ಲಿ ಕೂರುತ್ತದೆ. ಯಾವ ತಗ್ಗಿನಲ್ಲಿ ನೀರು ನಿಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಮಳೆಗೂ ಬಹುಪಾಲು ಅಲ್ಲೇ ನಿಲ್ಲುತ್ತದೆ.

ಮಧ್ಯಾಹ್ನದ ಸುತ್ತು ನೆರಳಿಗೆ. ಮುಖಚಿತ್ರ ತೆಗೆಯುವವರಿಗೆ ಇದೇ ಮುಖ್ಯ ಎನ್ನುತ್ತೇನೆ. ಎಲ್ಲರೂ ಮೊದಲು ಓಡುವುದು ಮರದ ಕೆಳಗೆ, ಕೆಡುವುದೂ ಅಲ್ಲೇ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆ ಕೆನ್ನೆಯ ಮೇಲೆ ಬೆಳ್ಳಗೆ ಸುಟ್ಟಂತಾಗುತ್ತದೆ, ಅದನ್ನು ಆಮೇಲೆ ಸರಿಪಡಿಸಲಾಗದು. ಕಾರು ನಿಲ್ಲಿಸುವ ಚಾವಣಿ, ಅಂಗಳದ ಮಾಡು, ಎತ್ತರದ ಗೋಡೆಯ ನೆರಳು ವಾಸಿ. ಪರೀಕ್ಷೆ ಸುಲಭ. ಮುಷ್ಟಿ ಮುಂದೆ ಚಾಚಿ ನಿಧಾನಕ್ಕೆ ಒಂದು ಸುತ್ತು ತಿರುಗಿ, ಬೆರಳ ಗೆಣ್ಣುಗಳ ಮೇಲಿನ ನೆರಳು ಎಲ್ಲಿ ಮೆತ್ತಗಾಗುತ್ತದೆ ನೋಡಿ. ಮುಖ ಆ ಬೆಳಕಿಗೆ ತಿರುಗಬೇಕು. ನೆರಳಿನ ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ, ಬಯಲಿನ ಕಡೆ ಮುಖ ಮಾಡಿ ನಿಲ್ಲಿಸಿ. ಇನ್ನೂ ಒಳಕ್ಕೆ ಹೋದರೆ ಕಣ್ಣಿನ ಹೊಳಪು ಸಾಯುತ್ತದೆ. ಎದುರಿನ ಗೋಡೆ ಬಿಸಿಲಿನಲ್ಲಿದ್ದು ಬಿಳಿಯಾಗಿದ್ದರೆ ಪುಣ್ಯ, ಅದೇ ದೊಡ್ಡ ದೀಪ. ಇಟ್ಟಿಗೆ ಬಣ್ಣದ್ದಾದರೆ ಕೆನ್ನೆ ಕೆಂಪು, ಕಾಲ ಬಳಿ ಬಿಸಿಲು ಬಿದ್ದ ಹುಲ್ಲಿದ್ದರೆ ಗದ್ದ ಹಸಿರು. ಬಣ್ಣ ಹತ್ತುವುದು ಮುಖದ ಒಂದು ಭಾಗಕ್ಕೆ ಮಾತ್ರ, ಆದ್ದರಿಂದ ವೈಟ್ ಬ್ಯಾಲೆನ್ಸ್ (ಇಡೀ ಚಿತ್ರದ ಬಣ್ಣ ಹೊಂದಿಸುವ ಸೆಟ್ಟಿಂಗ್) ತಿರುಗಿಸಿ ಪ್ರಯೋಜನವಿಲ್ಲ.

ಹಿನ್ನೆಲೆಗೆ ಅಂತರ ಬೇಕು. 85 ಮಿ.ಮೀ. ಲೆನ್ಸು, ಎಫ್ 2 (ಲೆನ್ಸಿನ ಬಾಯಿ ಅಗಲವಾಗಿ ತೆರೆದ ಅಳತೆ), ವ್ಯಕ್ತಿ 2 ಮೀಟರ್ ದೂರದಲ್ಲಿ, ಅವರ ಹಿಂದೆ 10 ಮೀಟರಾದರೂ ಖಾಲಿ ಇದ್ದರೆ ನಿಲ್ಲಿಸಿದ ಕಾರೂ ಬಣ್ಣದ ಮೋಡವಾಗುತ್ತದೆ. ತಂತಿಗಳು ಕಾಟ ಕೊಟ್ಟರೆ ಕೆಳಗೆ ಕೂರಬೇಡಿ, ಆಕಾಶದ ಜೊತೆ ತಂತಿಯೂ ಹೆಚ್ಚಾಗುತ್ತದೆ. ಒಂದು ಮೆಟ್ಟಿಲು ಹತ್ತಿ ಕೆಳಮುಖವಾಗಿ ತೆಗೆದರೆ ನೆಲವೇ ಹಿನ್ನೆಲೆ.

ಸಂಜೆಯ ಸುತ್ತಿನಲ್ಲಿ ಕೈಕೊಡುವುದು ಸೂರ್ಯಾಸ್ತದ ಸಮಯ. ಆ್ಯಪ್ ಹೇಳುವುದು ಬಯಲಿನ ಲೆಕ್ಕ. ಬಡಾವಣೆಯಲ್ಲಿ ದಿಗಂತವೆಂದರೆ ಎದುರು ಮನೆಯ ತಾರಸಿ. 40 ಮೀಟರ್ ದೂರದಲ್ಲಿ 7 ಮೀಟರ್ ಎತ್ತರದ ಮನೆಯಿದ್ದರೆ ನಿಂತವರ ಕಣ್ಣಿಗೆ ಸೂರ್ಯ ಇನ್ನೂ ಸುಮಾರು 8 ಡಿಗ್ರಿ ಮೇಲಿರುವಾಗಲೇ ಮರೆಯಾಗುತ್ತಾನೆ, ಅಂದರೆ ಅಸ್ತಕ್ಕೆ ಅರ್ಧ ಗಂಟೆ ಮೊದಲೇ. ಚಿನ್ನದ ಬೆಳಕು ಬರುವ ಹೊತ್ತಿಗೆ ನಿಮ್ಮ ಜಾಗ ಕತ್ತಲಲ್ಲಿರುತ್ತದೆ. ಆ್ಯಪಿನ ಸಮಯ ಬಿಟ್ಟು, ಬಿಸಿಲು ನಿಜಕ್ಕೂ ಆ ಜಾಗ ಬಿಟ್ಟ ನಿಮಿಷವನ್ನು ಬರೆದುಕೊಳ್ಳಿ. ಪಶ್ಚಿಮಕ್ಕೆ ತೆರೆದ ಆಟದ ಮೈದಾನ, ಬಹುಮಹಡಿ ಪಾರ್ಕಿಂಗ್‌ನ ಮೇಲ್ತಟ್ಟು (ಕಾವಲಿನವರನ್ನು ಕೇಳಿ ಹತ್ತಿ) ಈ ಹೊತ್ತಿಗೆ ಒಳ್ಳೆಯವು.

ಇನ್ನು ನೀರಿನ ಟ್ಯಾಂಕು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹುಣ್ಣಿಮೆಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. 1 ಕಿಲೋಮೀಟರ್ ದೂರದಿಂದ ನೋಡಿದಾಗ 9 ಮೀಟರ್ ಅಗಲದ ಟ್ಯಾಂಕೂ ಅಷ್ಟೇ ಕಾಣುತ್ತದೆ. ಹತ್ತಿರ ನಿಂತರೆ ಟ್ಯಾಂಕು ದೊಡ್ಡದು, ಚಂದ್ರ ಬೊಟ್ಟು. ಹಾಗಾಗಿ ನಕ್ಷೆಯಲ್ಲಿ ಟ್ಯಾಂಕಿನಿಂದ ಚಂದ್ರೋದಯದ ವಿರುದ್ಧ ದಿಕ್ಕಿಗೆ 1 ಕಿಲೋಮೀಟರ್ ಗೆರೆ ಎಳೆದು, ಅಲ್ಲಿಂದ ಟ್ಯಾಂಕು ಮರೆಯಿಲ್ಲದೆ ಕಾಣುತ್ತದೆಯೇ ಎಂದು ಹಗಲಲ್ಲೇ ಹೋಗಿ ನೋಡಿ. 400 ಮಿ.ಮೀ. ಲೆನ್ಸಿನಲ್ಲೂ ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ ಚಂದ್ರ 4 ಮಿ.ಮೀ.ಗಿಂತ ಕಡಿಮೆ ಎನ್ನುವುದು ನೆನಪಿರಲಿ. ಎರಡು ನಿಮಿಷಕ್ಕೆ ಚಂದ್ರ ತನ್ನಗಲದಷ್ಟು ಜರುಗುವುದರಿಂದ ನೀವೂ ಪಕ್ಕಕ್ಕೆ ಹಲವು ಮೀಟರ್ ಸರಿಯಬೇಕಾಗುತ್ತದೆ. ಹಾಗಾಗಿ ನಿಲ್ಲಲು ತಾರಸಿಗಿಂತ, ಉದ್ದನೆಯ ಕಾಲುದಾರಿ ಮೇಲು. ಹುಣ್ಣಿಮೆಯ ಹಿಂದಿನ ದಿನವೇ ಹೋಗಿ. ಸೂರ್ಯ ಮುಳುಗುವ ಮೊದಲೇ ಚಂದ್ರ ಬಂದಿರುವುದರಿಂದ ಟ್ಯಾಂಕಿನ ಮೇಲೆ ಇನ್ನೂ ಬೆಳಕಿರುತ್ತದೆ. ಉದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುತ್ತದೆ, ಎರಡು ದಿನ ಬಿಟ್ಟು ಹೋದರೆ ಟ್ಯಾಂಕು ಕಪ್ಪು, ಚಂದ್ರ ಬರೀ ಬಿಳಿ ಬಿಲ್ಲೆ.

ಕತ್ತಲಾದ ಮೇಲೆ ಕೆಲವು ಎಲ್‌ಇಡಿ ಬೀದಿದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿ ಬರುತ್ತದೆ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಶಟರ್ ವೇಗ 1/50 ಅಥವಾ 1/100 ಸೆಕೆಂಡು, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120 ಇಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ರೈಲು ಹಳಿ ಎಷ್ಟೇ ಚೆನ್ನಾಗಿ ಕಂಡರೂ ಜಾಗಗಳ ಪಟ್ಟಿಯಿಂದ ಹೊರಗಿಡಿ. ಪರರ ಅಂಗಳಕ್ಕೆ ಮನೆಯವರನ್ನು, ಆಡುವ ಮಕ್ಕಳ ಚಿತ್ರಕ್ಕೆ ಹೆತ್ತವರನ್ನು ಕೇಳಲೇಬೇಕು.

ಚೀಟಿಯಲ್ಲಿ ‘ಕೆರೆ, ಚೆನ್ನಾಗಿದೆ’ ಎಂದು ಬರೆದರೆ ತಿಂಗಳ ನಂತರ ಏನೂ ನೆನಪಾಗದು. ಹೀಗಿರಲಿ: ‘ಕೆರೆಯ ಮೂಲೆ, ಪೂರ್ವಕ್ಕೆ ಮುಖ, ಬೆಳಿಗ್ಗೆ 6:20ರಿಂದ 6:50, ಗಾಳಿಯಿಲ್ಲದ ದಿನ, ಬಲಕ್ಕೆ ಕಂಬ, ಎರಡು ಹೆಜ್ಜೆ ಎಡಕ್ಕೆ.’ ಪಕ್ಕದಲ್ಲಿ ತಾರೀಖು ಹಾಕಿ. ಮೂರು ತಿಂಗಳಲ್ಲಿ ಸೂರ್ಯ ಸರಿದಿರುತ್ತಾನೆ, ಆ ಬಯಲಿನಲ್ಲಿ ಪಾಯ ತೋಡಿದ್ದರೂ ತೋಡಿರಬಹುದು.